ಸ್ನೋಡನ್ ಕೆಲಸದಲ್ಲಿ ನಾವು ಓದದೇ ಬಿಟ್ಟ ಭಾಗ

ಆಲ್ಝೈಮರ್ ಬಗ್ಗೆ ಸ್ವಲ್ಪ ಓದಿದವರಿಗೂ ಡೇವಿಡ್ ಸ್ನೋಡನ್ ಹೆಸರು ಎಲ್ಲೋ ಒಂದು ಕಡೆ ಸಿಕ್ಕಿರುತ್ತದೆ. ಸಿಕ್ಕಾಗಲೆಲ್ಲ ಅದೇ ಕಥೆ. ಇಪ್ಪತ್ತರ ವಯಸ್ಸಿನಲ್ಲಿ ಚೆನ್ನಾಗಿ ಬರೆಯುತ್ತಿದ್ದ ಕ್ರೈಸ್ತ ಸನ್ಯಾಸಿನಿಯರಿಗೆ ಮುಪ್ಪಿನಲ್ಲಿ ಮರೆವಿನ ಕಾಯಿಲೆ ಬರಲಿಲ್ಲವಂತೆ, ಆದ್ದರಿಂದ ಓದಿ, ಬರೆಯಿರಿ, ಪದಬಂಧ ಬಿಡಿಸಿ. ಕಥೆ ಪೂರ್ತಿ ಸುಳ್ಳೇನೂ ಅಲ್ಲ. ಆದರೆ ಈ ಮನುಷ್ಯ ಮಾಡಿದ ಕೆಲಸದಲ್ಲಿ ನಮಗೆ ಜಾಸ್ತಿ ಉಪಯೋಗಕ್ಕೆ ಬರುವ ಭಾಗ ಬೇರೆಯೇ ಇದೆ, ಅದರ ಬಗ್ಗೆ ಮಾತಾಡುವವರು ಕಡಿಮೆ. ಅದನ್ನು ಹೇಳಬೇಕು ಅಂತ ತುಂಬಾ ದಿನದಿಂದ ಅಂದುಕೊಂಡಿದ್ದೆ.

ಸ್ನೋಡನ್ ಎಪಿಡೆಮಿಯಾಲಜಿಸ್ಟ್. ಅಂದರೆ ಒಬ್ಬ ರೋಗಿಯನ್ನು ಕೂರಿಸಿಕೊಂಡು ನೋಡುವ ಡಾಕ್ಟರ್ ಅಲ್ಲ, ದೊಡ್ಡ ಗುಂಪಿನಲ್ಲಿ ಯಾರಿಗೆ ಕಾಯಿಲೆ ಬಂತು, ಯಾರಿಗೆ ಬರಲಿಲ್ಲ, ಏಕೆ ಎಂದು ಹುಡುಕುವವರು. 1986ರಲ್ಲಿ ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿದ್ದಾಗ, ಅದೇ ರಾಜ್ಯದ ಮ್ಯಾಂಕೇಟೋ ಎಂಬ ಊರಿನ ಮಠದಲ್ಲಿ ಈ ಕೆಲಸ ಸಣ್ಣದಾಗಿ ಶುರುವಾಯಿತು. ಸ್ಕೂಲ್ ಸಿಸ್ಟರ್ಸ್ ಆಫ್ ನೋಟ್ರ ಡಾಮ್ ಎಂಬ ಪಂಥದ ಮಠ ಅದು. ಆಮೇಲೆ ಅವರು ಕೆಂಟಕಿ ವಿಶ್ವವಿದ್ಯಾಲಯಕ್ಕೆ ಹೋದರು, ಅಧ್ಯಯನ ಅದೇ ಪಂಥದ ಬೇರೆ ಮಠಗಳಿಗೂ ಹಬ್ಬಿತು.

ಸನ್ಯಾಸಿನಿಯರೇ ಏಕೆ? ಮುಪ್ಪಿನ ಬಗ್ಗೆ ಅಧ್ಯಯನ ಮಾಡುವವರಿಗೆ ಒಂದು ದೊಡ್ಡ ತಲೆನೋವು ಇದೆ. ಒಬ್ಬರು ಸಿಗರೇಟ್ ಸೇದುತ್ತಾರೆ, ಇನ್ನೊಬ್ಬರು ಸೇದುವುದಿಲ್ಲ, ಒಬ್ಬರಿಗೆ ಒಳ್ಳೆಯ ಡಾಕ್ಟರ್ ಸಿಗುತ್ತಾರೆ, ಇನ್ನೊಬ್ಬರಿಗೆ ಊಟಕ್ಕೇ ಕಷ್ಟ, ಹೀಗಿರುವಾಗ ವ್ಯತ್ಯಾಸ ಯಾವುದರಿಂದ ಬಂತು ಎಂದು ಹೇಳುವುದು ಹೇಗೆ? ಈ ಸಿಸ್ಟರ್‌ಗಳು ದೊಡ್ಡವರಾದ ಮೇಲೆ ಹೆಚ್ಚುಕಡಿಮೆ ಒಂದೇ ಥರದ ಬದುಕು ಬದುಕಿದವರು. ಅದೇ ಊಟ, ಅದೇ ಥರದ ಮನೆ, ಅದೇ ಥರದ ಚಿಕಿತ್ಸೆ. ಸಿಗರೇಟ್ ಇಲ್ಲ, ಹೆರಿಗೆ ಇಲ್ಲ, ಸಂಬಳದ ವ್ಯತ್ಯಾಸ ಇಲ್ಲ. ತುಂಬಾ ಜನ ಟೀಚರ್ ಆಗಿದ್ದವರು. ಮೇಲಾಗಿ ಮಠದವರು ಹಳೆಯ ಕಾಗದಪತ್ರಗಳನ್ನೆಲ್ಲ ಜೋಪಾನವಾಗಿ ಇಟ್ಟಿದ್ದರು.

ಸ್ನೋಡನ್ ಈ ಸಿಸ್ಟರ್‌ಗಳ ಮುಂದಿಟ್ಟ ಕೋರಿಕೆ ಸಣ್ಣದಲ್ಲ. ಪ್ರತಿ ವರ್ಷ ನೆನಪಿನ ಪರೀಕ್ಷೆಗೆ ಕೂರಬೇಕು, ವೈದ್ಯಕೀಯ ದಾಖಲೆಗಳನ್ನು ತೋರಿಸಬೇಕು, ಸತ್ತ ಮೇಲೆ ಮಿದುಳು ಕೊಡಬೇಕು. ಕೇಳಿದ್ದು 1,027 ಜನರನ್ನು, ಒಪ್ಪಿದ್ದು 678 ಜನ. ಎಲ್ಲರೂ 1917ಕ್ಕೆ ಮೊದಲು ಹುಟ್ಟಿದವರು, ಆಗಲೇ 75 ದಾಟಿದವರು, ಕೆಲವರು ನೂರು ದಾಟಿದವರು. ಬರುವ ಫಲ ತಮಗೆ ಸಿಗುವುದಿಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಮೂರರಲ್ಲಿ ಎರಡು ಪಾಲು ಜನ ಹೂಂ ಅಂದರು ಅಲ್ವಾ, ಅದನ್ನು ಓದಿದಾಗಲೆಲ್ಲ ನನಗೆ ಅವರ ಮೇಲೆ ಗೌರವ ಉಕ್ಕುತ್ತದೆ. ಸ್ನೋಡನ್ ಹೆಸರಿನಷ್ಟೇ ದೊಡ್ಡದಾಗಿ ಅವರ ಹೆಸರೂ ಬರಬೇಕಿತ್ತು.

ಪರೀಕ್ಷೆಗಳು ನೋಡಲು ಸರಳವಾಗಿದ್ದವು. ಹತ್ತು ಪದ ತೋರಿಸುತ್ತಿದ್ದರು, ಸ್ವಲ್ಪ ಹೊತ್ತು ಬೇರೆ ಏನೋ ಮಾಡಿಸುತ್ತಿದ್ದರು, ಆಮೇಲೆ ಆ ಪದಗಳನ್ನು ಹೇಳಿ ಅನ್ನುತ್ತಿದ್ದರು. ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳುತ್ತೀರಿ ಎಂದು ಕೇಳುತ್ತಿದ್ದರು. ಸಿಸ್ಟರ್ ತೀರಿಕೊಂಡ ಮೇಲೆ ಮಿದುಳು ಕೆಂಟಕಿಗೆ ಬರುತ್ತಿತ್ತು, ಅಲ್ಲಿ ವಿಲಿಯಂ ಮಾರ್ಕ್ಸ್‌ಬೆರಿ ಎಂಬ ನರರೋಗ ತಜ್ಞರು ಅದನ್ನು ನೋಡುತ್ತಿದ್ದರು. ಯಾರು ಪರೀಕ್ಷೆಯಲ್ಲಿ ಎಷ್ಟು ಅಂಕ ತೆಗೆದಿದ್ದರು ಎನ್ನುವುದು ಮಿದುಳು ನೋಡುವಾಗ ಅವರಿಗೆ ಗೊತ್ತಿರುತ್ತಿರಲಿಲ್ಲ. ಗೊತ್ತಿದ್ದರೆ ಕಣ್ಣು ತನಗೆ ಬೇಕಾದ್ದನ್ನೇ ಹುಡುಕುತ್ತದೆ, ಹಾಗಾಗಿ ಈ ಎಚ್ಚರ ಬಹಳ ಮುಖ್ಯ.

ಆ ಮಿದುಳುಗಳಲ್ಲಿ ಹುಡುಕಿದ್ದು ಮುಖ್ಯವಾಗಿ ಎರಡು ಗುರುತುಗಳನ್ನು. ನರಕೋಶಗಳ ಹೊರಗೆ ಅಮೈಲಾಯ್ಡ್ ಎಂಬ ಪ್ರೋಟೀನ್ ಗಂಟು ಕಟ್ಟಿದರೆ ಅದು ಪ್ಲಾಕ್. ಕೋಶದ ಒಳಗೆ ಟೌ ಎಂಬ ಪ್ರೋಟೀನ್ ಎಳೆಎಳೆಯಾಗಿ ಸಿಕ್ಕುಗಟ್ಟಿದರೆ ಅದು ಟ್ಯಾಂಗಲ್. 1906ರಲ್ಲಿ ಜರ್ಮನಿಯ ಅಲೋಯಿಸ್ ಆಲ್ಝೈಮರ್ ಒಬ್ಬ ಮಹಿಳೆಯ ಮಿದುಳಿನಲ್ಲಿ ಕಂಡಿದ್ದೂ ಇವನ್ನೇ. ಪ್ಲಾಕ್, ಟ್ಯಾಂಗಲ್ ಹೆಚ್ಚಿದ್ದರೆ ಮರೆವೂ ಹೆಚ್ಚು ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ.

ಇಲ್ಲಿ ಬರುತ್ತಾರೆ ಸಿಸ್ಟರ್ ಮೇರಿ. 101ನೇ ವಯಸ್ಸಿನಲ್ಲಿ ತೀರಿಕೊಂಡವರು. ಕೊನೆಯವರೆಗೂ ಪರೀಕ್ಷೆಗಳಲ್ಲಿ ಒಳ್ಳೆಯ ಅಂಕ ತೆಗೆಯುತ್ತಿದ್ದರು. ಮಿದುಳು ನೋಡಿದರೆ ಅದರಲ್ಲಿ ಬೇಕಾದಷ್ಟು ಪ್ಲಾಕ್, ಬೇಕಾದಷ್ಟು ಟ್ಯಾಂಗಲ್! ಕಾಯಿಲೆಯ ಗುರುತು ಪೂರ್ತಿ ಇತ್ತು, ಮರೆವು ಮಾತ್ರ ಇರಲಿಲ್ಲ. ಅವರಂಥವರು ಇನ್ನೂ ಕೆಲವರು ಇದ್ದರು. ಇದರ ಉಲ್ಟಾ ಕೂಡ ಇತ್ತು, ಗುರುತು ಕಡಿಮೆ ಇದ್ದರೂ ನೆನಪು ಪೂರ್ತಿ ಮಂಕಾದವರು.

ನನ್ನ ಮಟ್ಟಿಗೆ ಇಡೀ ಅಧ್ಯಯನದ ಜೀವ ಇರುವುದು ಇಲ್ಲೇ. ಮಿದುಳಿನಲ್ಲಿ ಕಾಯಿಲೆ ಎಷ್ಟಿದೆ ಎನ್ನುವುದು ಒಂದು, ಆ ಮನುಷ್ಯ ಎಷ್ಟು ಮರೆಯುತ್ತಾನೆ ಎನ್ನುವುದು ಇನ್ನೊಂದು. ಎರಡರ ನಡುವೆ ಒಂದು ಅಂತರ ಇದೆ. ಅರವತ್ತಕ್ಕೆ ಅರಳುಮರಳು ಎಂದು ಸುಮ್ನೆ ಕೈಬಿಡುವವರಿಗೆ ಈ ಅಂತರ ಕಾಣುವುದಿಲ್ಲ. ಹಾಗಾದರೆ ಈ ಅಂತರವನ್ನು ಯಾವುದು ಹಿಗ್ಗಿಸುತ್ತದೆ, ಯಾವುದು ಕುಗ್ಗಿಸುತ್ತದೆ?

ಕುಗ್ಗಿಸುವುದು ಯಾವುದು ಎಂಬುದಕ್ಕೆ ಒಂದು ಉತ್ತರ 1997ರಲ್ಲಿ ಪ್ರಕಟವಾದ ಲೇಖನದಲ್ಲಿದೆ. ನಾನು ಮೊದಲು ಹೇಳಿದ, ಯಾರೂ ಹೆಚ್ಚು ಮಾತಾಡದ ಭಾಗ ಇದೇ. ತೀರಿಕೊಂಡ 102 ಸಿಸ್ಟರ್‌ಗಳ ಮಿದುಳು ನೋಡಿದಾಗ 61 ಜನರಲ್ಲಿ ಆಲ್ಝೈಮರ್‌ನ ಗುರುತು ಸಾಕಷ್ಟು ಇತ್ತು. ಆ 61 ಜನರಲ್ಲಿ ಯಾರಿಗೆ ಸ್ಟ್ರೋಕ್‌ನ ಕಲೆಯೂ ಇತ್ತೋ ಅವರಲ್ಲಿ ಡಿಮೆನ್ಷಿಯಾ, ಅಂದರೆ ದಿನದ ಬದುಕಿಗೇ ಅಡ್ಡಿಯಾಗುವಷ್ಟು ಮರೆವು, ಜಾಸ್ತಿ. ದೊಡ್ಡ ಸ್ಟ್ರೋಕೇ ಆಗಬೇಕಿರಲಿಲ್ಲ. ಮಿದುಳಿನ ಆಳದಲ್ಲಿ, ಆದದ್ದೇ ಗೊತ್ತಾಗದಂಥ ಒಂದೆರಡು ಸಣ್ಣ ಸ್ಟ್ರೋಕ್ ಸಾಕಾಗಿತ್ತು. ಇನ್ನುಳಿದ 41 ಜನರಲ್ಲಿ, ಅಂದರೆ ಆಲ್ಝೈಮರ್‌ನ ಗುರುತು ಅಷ್ಟಾಗಿ ಇಲ್ಲದವರಲ್ಲಿ, ಅಂಥದ್ದೇ ಸ್ಟ್ರೋಕ್‌ಗಳಿಂದ ನೆನಪಿಗೆ ಆದ ಹಾನಿ ಸ್ವಲ್ಪವೇ. ಆಗಲೇ ಭಾರ ಹೊತ್ತು ನಡೆಯುತ್ತಿದ್ದವನ ತಲೆಯ ಮೇಲೆ ಇನ್ನೊಂದು ಸಣ್ಣ ಮೂಟೆ ಇಟ್ಟ ಹಾಗೆ, ಎರಡೂ ಸೇರಿದಾಗ ಮಾತ್ರ ಕಾಲು ಕುಸಿಯುತ್ತದೆ.

ಇದು ಏಕೆ ಮುಖ್ಯ ಅಂದರೆ, ಟೌ ಮತ್ತು ಅಮೈಲಾಯ್ಡ್ ಶುರುವಾಗುವುದನ್ನು ತಡೆಯುವ ದಾರಿ ನಮ್ಮ ಕೈಯಲ್ಲಿಲ್ಲ, ಸ್ಟ್ರೋಕ್ ತಡೆಯುವ ದಾರಿ ಇದೆ. ಬಿಪಿ, ಶುಗರ್, ಸಿಗರೇಟ್, ಇವೆಲ್ಲ ಹಳೆಯ ಮಾತು, ಹಾರ್ಟ್ ಡಾಕ್ಟರ್ ಹೇಳುವ ಮಾತು ಎಂದು ನಾವು ಬೇರೆ ಪೆಟ್ಟಿಗೆಯಲ್ಲಿ ಇಟ್ಟುಬಿಡುತ್ತೇವೆ. ನೆನಪಿಗೂ ಇದಕ್ಕೂ ಸಂಬಂಧ ಇದೆ ಎಂದು ನನಗೂ ಹೊಳೆದದ್ದು ದೊಡ್ಡಮ್ಮನ ಸ್ಕ್ಯಾನ್ ನೋಡಿ ಡಾಕ್ಟರ್ ಎರಡು ವಿಷಯ ಒಟ್ಟಿಗೆ ಹೇಳಿದಾಗ: ಆಲ್ಝೈಮರ್ ಇದ್ದ ಹಾಗಿದೆ, ಜೊತೆಗೆ ಹಳೆಯ ಸಣ್ಣ ಸ್ಟ್ರೋಕ್‌ಗಳ ಕಲೆಗಳೂ ಇವೆ. ಸ್ಟ್ರೋಕ್ ಯಾವಾಗ ಆಯಿತು ಎಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ದೊಡ್ಡಮ್ಮನಿಗೂ ಗೊತ್ತಿರಲಿಲ್ಲ. ಈಗ ಅವರ ಬಿಪಿ ನೋಡುವುದು, ಮಾತ್ರೆ ಕೊಡುವುದು ನಮ್ಮ ಮನೆಯಲ್ಲಿ ಮರೆವಿನ ಆರೈಕೆಯದೇ ಒಂದು ಭಾಗ.

ಇನ್ನು ಆ ಪ್ರಸಿದ್ಧ ಬರಹಗಳ ವಿಷಯ. 1930ರ ಸೆಪ್ಟೆಂಬರ್‌ನಲ್ಲಿ ಪಂಥದ ಮುಖ್ಯಸ್ಥೆ, ಪ್ರತಿಯೊಬ್ಬರೂ ತಮ್ಮ ಬದುಕಿನ ಬಗ್ಗೆ ಒಂದೇ ಹಾಳೆಯಲ್ಲಿ, 200-300 ಪದಗಳಲ್ಲಿ ಬರೆದುಕೊಡಿ ಎಂದು ಕೇಳಿದ್ದರು. ಅಂಥ ಆತ್ಮಕಥೆಗಳು ಮಠದ ಕಡತದಲ್ಲಿ ಹಾಗೆಯೇ ಉಳಿದಿದ್ದವು. ಸ್ನೋಡನ್ ಮತ್ತು ಕನ್ಸಾಸ್ ವಿಶ್ವವಿದ್ಯಾಲಯದ ಭಾಷಾತಜ್ಞೆ ಸೂಸನ್ ಕೆಂಪರ್ ಅವುಗಳಲ್ಲಿ 93 ಬರಹಗಳನ್ನು ತೆಗೆದುಕೊಂಡು, ಹತ್ತು ಪದಗಳಲ್ಲಿ ಎಷ್ಟು ವಿಚಾರ ಅಡಗಿವೆ ಎಂದು ಎಣಿಸಿದರು. ಉದಾಹರಣೆಗೆ, ನನಗೆ ಇಬ್ಬರು ಅಕ್ಕಂದಿರು ಎಂದು ಬರೆದು ನಿಲ್ಲಿಸುವುದು ಒಂದು ರೀತಿ, ಶಾಲೆಯಿಂದ ಬಂದ ಅಕ್ಕಂದಿರ ಪಾಠ ಕೇಳಿ ನನಗೂ ಓದುವ ಆಸೆ ಹುಟ್ಟಿತು ಎಂದು ಬರೆಯುವುದು ಇನ್ನೊಂದು ರೀತಿ. ಸುಮಾರು 58 ವರ್ಷಗಳ ನಂತರದ ಪರೀಕ್ಷೆಯಲ್ಲಿ, ವಿಚಾರ ಕಡಿಮೆ ಇದ್ದ ಬರಹದವರು ಹಿಂದೆ ಬಿದ್ದಿದ್ದರು. ಅಷ್ಟರಲ್ಲಿ ತೀರಿಕೊಂಡಿದ್ದ 14 ಜನರಲ್ಲಂತೂ, ಬರಹದಲ್ಲಿ ವಿಚಾರ ಕಡಿಮೆ ಇದ್ದವರೆಲ್ಲರ ಮಿದುಳಿನಲ್ಲೂ ಆಲ್ಝೈಮರ್ ಇತ್ತು, ಹೆಚ್ಚು ಇದ್ದವರಲ್ಲಿ ಒಬ್ಬರಿಗೂ ಇರಲಿಲ್ಲ.

ಓದಿದರೆ ಮೈ ಜುಮ್ಮೆನ್ನುತ್ತದೆ, ನಿಜ. ಆದರೆ 14 ಸಣ್ಣ ಸಂಖ್ಯೆ. ಚೆನ್ನಾಗಿ ಬರೆದದ್ದರಿಂದ ಮಿದುಳು ಉಳಿಯಿತೋ, ಅಥವಾ ಗಟ್ಟಿ ಮಿದುಳು ಇದ್ದದ್ದರಿಂದ ಬರಹ ಚೆನ್ನಾಗಿತ್ತೋ, ಅಥವಾ ಇಪ್ಪತ್ತೆರಡರಲ್ಲೇ ಕಾಯಿಲೆಯ ಬೇರು ಎಲ್ಲೋ ಇತ್ತೋ, ಇದನ್ನು ಆ ಅಧ್ಯಯನ ತೀರ್ಮಾನಿಸುವುದಿಲ್ಲ. ಇದನ್ನು ತೋರಿಸಿ ಮಿದುಳಿನ ಕಸರತ್ತಿನ ಆಪ್ ಮಾರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಎಂಬತ್ತರ ಅಜ್ಜಿಗೆ ಮರೆವು ಬಂದರೆ, ನೀವು ಚಿಕ್ಕಂದಿನಲ್ಲಿ ಓದಬೇಕಿತ್ತು ಎಂದು ಹೇಳಿದ ಹಾಗೆ ಆಗುತ್ತದೆ ಅದು.

2009ರಲ್ಲಿ ಡಿಯೇಗೋ ಯಾಕೊನೋ ಮತ್ತು ಸಂಗಡಿಗರು ಇದೇ ಸಿಸ್ಟರ್‌ಗಳ ಮಿದುಳನ್ನು ಮತ್ತೆ ನೋಡಿದರು. ಕಾಯಿಲೆಯ ಗುರುತು ಇದ್ದೂ ನೆನಪು ಸರಿಯಿದ್ದವರಲ್ಲಿ ಕೆಲವು ಭಾಗಗಳ ನರಕೋಶಗಳು ದೊಡ್ಡದಾಗಿ ಬೆಳೆದಿದ್ದವು. ಕೋಶಗಳು ಕಾಯಿಲೆಗೆ ಎದುರು ನಿಂತು ಏನೋ ಮಾಡುತ್ತಿದ್ದವು ಎಂಬ ಅನುಮಾನಕ್ಕೆ ಇದು ದಾರಿ ಮಾಡಿಕೊಟ್ಟಿತು. ಇವರ ಹರೆಯದ ಬರಹದಲ್ಲೂ ವಿಚಾರ ಜಾಸ್ತಿ ಇತ್ತು.

2023ರಲ್ಲಿ ಅಮೆರಿಕದಲ್ಲಿ ಪೂರ್ಣ ಒಪ್ಪಿಗೆ ಪಡೆದ ಲೆಕಾನೆಮ್ಯಾಬ್ ಎಂಬ ಔಷಧ ಮಿದುಳಿನ ಅಮೈಲಾಯ್ಡ್ ಅನ್ನು ಚೆನ್ನಾಗಿಯೇ ಕರಗಿಸುತ್ತದೆ. ಮರೆವು ಹೆಚ್ಚುವ ವೇಗ ಸ್ವಲ್ಪ ತಗ್ಗುತ್ತದೆ, ಹೋದ ನೆನಪು ವಾಪಸ್ ಬರುವುದಿಲ್ಲ. ಪ್ಲಾಕ್ ಅಷ್ಟು ಕರಗಿದರೂ ಲಾಭ ಇಷ್ಟೇನಾ ಎಂದು ಕೆಲವರು ಬೇಸರದಿಂದ ಕೇಳುತ್ತಾರೆ. ಸಿಸ್ಟರ್ ಮೇರಿಯ ವಿಷಯ ಓದಿಕೊಂಡವರಿಗೆ ಅದರಲ್ಲಿ ಅಷ್ಟೇನೂ ಆಶ್ಚರ್ಯ ಕಾಣುವುದಿಲ್ಲ. ಔಷಧದ ಕೆಲಸ ನಡೆಯಲಿ, ನಡೆಯಲೇಬೇಕು. ಅದರ ಜೊತೆಗೆ, ಅಷ್ಟೆಲ್ಲ ಪ್ಲಾಕ್ ಇಟ್ಟುಕೊಂಡು 101ರಲ್ಲೂ ಚುರುಕಾಗಿದ್ದ ಒಬ್ಬ ಹೆಂಗಸಿನ ಕೋಶಗಳು ಏನು ಮಾಡುತ್ತಿದ್ದವು ಎಂದು ಹುಡುಕುವವರಿಗೂ ಅಷ್ಟೇ ಹಣ, ಅಷ್ಟೇ ಜನ ಸಿಗಬೇಕು ಎಂಬುದು ನನ್ನ ಆಸೆ.