ಮುಚ್ಚೋ ಕಂಪನಿಯ ಹೊಸ ಕಾರು

ನಮ್ಮ ಸ್ಪೇರ್ ಪಾರ್ಟ್ಸ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಕಬ್ಬಿಣದ ರ‍್ಯಾಕ್ ಇದೆ. ಅಪ್ಪ ಅದನ್ನು ‘ಸುಡುಗಾಡು’ ಅಂತ ಕರೆಯುತ್ತಿದ್ದರು. ಪ್ರೀಮಿಯರ್ ಪದ್ಮಿನಿಯ ಕ್ಲಚ್ ಪ್ಲೇಟು, ದೇವೂ ಮಾಟಿಜ್‌ನ ಸೈಡ್ ಮಿರರ್, ಓಪೆಲ್ ಆಸ್ಟ್ರಾದ ಒಂದೇ ಒಂದು ಟೇಲ್ ಲ್ಯಾಂಪ್. ಅದು ಎಡಗಡೆಯದು. ಇಪ್ಪತ್ತು ವರ್ಷದಲ್ಲಿ ಅದನ್ನು ಹುಡುಕಿಕೊಂಡು ಬಂದವರು ಮೂರೇ ಜನ, ಮೂವರಿಗೂ ಬೇಕಾಗಿದ್ದದ್ದು ಬಲಗಡೆಯದು.

ಇಂಥ ರ‍್ಯಾಕ್ ಕಣ್ಣೆದುರು ಇಟ್ಟುಕೊಂಡೇ ನಾನು 2019ರಲ್ಲಿ ಗಂಟುಮೂಟೆ ಕಟ್ಟುತ್ತಿದ್ದ ಕಂಪನಿಯೊಂದರ ಹೊಸ ಕಾರು ಕೊಂಡೆ. ನಮ್ಮ ಅಂಗಡಿಯ ಹುಡುಗ ಖಾಜಾ ಬಿಲ್ಲು ನೋಡಿ, ‘ಅಣ್ಣಾ, ಇದನ್ನ ನೇರ ಹಿಂದಿನ ಕೋಣೆಗೇ ಹಾಕಿಬಿಡೋಣೇನ್ರಿ?’ ಅಂದ. ಅವನಿಗೆ ಆಮೇಲೆ ಉತ್ತರ ಕೊಟ್ಟೆ. ಮೊದಲು ಈ ಹುಚ್ಚು ಎಲ್ಲಿಂದ ಹತ್ತಿತು ಅಂತ ಹೇಳಬೇಕು.

2009ರ ಡಿಸೆಂಬರ್ ಕೊನೆ. ಆಗ ಬಳ್ಳಾರಿಯಲ್ಲಿ ಅದಿರಿನ ದುಡ್ಡು ಹರಿಯುತ್ತಿತ್ತು. ಕಾರಿನ ಬೆಲೆ ಕೇಳುವವನನ್ನು ಜನ ಬಡವ ಅಂದುಕೊಳ್ಳುತ್ತಿದ್ದ ಕಾಲ. ಅಂಥದರಲ್ಲಿ ಮಿಷಿಗನ್‌ನಲ್ಲಿ ಕೆಲಸಕ್ಕಿದ್ದ ಚಿಕ್ಕಪ್ಪನ ಮಗ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ, ‘ಅಣ್ಣ, ಇಲ್ಲಿ ಹೊಸ ಕಾರು ಗುಜರಿ ರೇಟಿಗೆ ಕೊಡಾಕ ಹತ್ಯಾರ’ ಅಂದ. ಕಾರು ಪಾಂಟಿಯಾಕ್ ಸಾಲ್ಸ್‌ಟಿಸ್. ಎರಡೇ ಸೀಟು, ಹಿಂದಿನ ಚಕ್ರಕ್ಕೆ ಎಳೆತ, ಕೈಯಿಂದಲೇ ಮಡಚುವ ಬಟ್ಟೆ ಚಾವಣಿ. ಟರ್ಬೊ ಇದ್ದ ಮಾದರಿಗೆ 260 ಕುದುರೆ ಶಕ್ತಿ. 2005ರಲ್ಲಿ ಒಂದು ಟಿವಿ ಕಾರ್ಯಕ್ರಮದ ಬೆನ್ನಿಗೆ ಮೊದಲ 1,000 ಕಾರುಗಳು 41 ನಿಮಿಷದಲ್ಲಿ ಬುಕ್ ಆಗಿದ್ದವು. ಆ ಕಾರಿಗೆ ನಾಲ್ಕೇ ವರ್ಷದಲ್ಲಿ ಈ ಗತಿ.

ಆಗಿದ್ದಿಷ್ಟು. 2009ರ ಏಪ್ರಿಲ್ 27ಕ್ಕೆ ಜನರಲ್ ಮೋಟರ್ಸ್ ಪಾಂಟಿಯಾಕ್ ಅನ್ನೋ ಹೆಸರನ್ನೇ ತೆಗೆದುಹಾಕ್ತೀವಿ ಅಂತ ಸಾರಿತು. ಜೂನ್ 1ಕ್ಕೆ ತಾನೇ ದಿವಾಳಿ ಅರ್ಜಿ ಹಾಕಿತು. ಸಾಲ್ಸ್‌ಟಿಸ್ ತಯಾರಾಗುತ್ತಿದ್ದ ವಿಲ್ಮಿಂಗ್ಟನ್ ಕಾರ್ಖಾನೆ ಜುಲೈನಲ್ಲಿ ಮುಚ್ಚಿತು. ಅದೇ ಕಂಪನಿಯ ಇನ್ನೊಂದು ಹೆಸರಿನಲ್ಲಿ ಬರುತ್ತಿದ್ದ ಅದರ ಅವಳಿ ಕಾರು ಸ್ಯಾಟರ್ನ್ ಸ್ಕೈಗೂ ಅದೇ ಗತಿ. ವರ್ಷದ ಕೊನೆಗೆ ಡೀಲರುಗಳ ಅಂಗಳದಲ್ಲಿ ಉಳಿದದ್ದನ್ನೆಲ್ಲ ಖಾಲಿ ಮಾಡಿಸಬೇಕಿತ್ತಲ್ಲ, ಅದಕ್ಕೆ ಕಂಪನಿ ಒಂದು ಉಪಾಯ ಹೂಡಿತು: ಉಳಿದಿರೋ ಪ್ರತಿ ಪಾಂಟಿಯಾಕ್, ಸ್ಯಾಟರ್ನ್ ಕಾರನ್ನು ಡೀಲರ್ ತನ್ನದೇ ಬಾಡಿಗೆ ಅಥವಾ ಸರ್ವಿಸ್ ಕಾರು ಅಂತ ದಾಖಲೆ ಮಾಡಿಕೊಂಡರೆ ಕಾರೊಂದಕ್ಕೆ 7,000 ಡಾಲರ್. ಡೀಲರ್ ಆ ದುಡ್ಡಿನಲ್ಲಿ ಎಷ್ಟನ್ನು ಗಿರಾಕಿಗೆ ಬಿಡ್ತಾನೆ ಅನ್ನೋದು ಅವನಿಗೆ ಬಿಟ್ಟದ್ದು. ಮೀಟರಿನಲ್ಲಿ ಓಡಿದ ಲೆಕ್ಕವೇ ಇಲ್ಲದ ಕಾರು ಕಾಗದದ ಮೇಲೆ ಮಾತ್ರ ಸೆಕೆಂಡ್ ಹ್ಯಾಂಡ್!

ನನಗೆ ಬೆಲೆಗಿಂತ ಆ ಕಾಗದದ ಆಟವೇ ತಲೆಯಲ್ಲಿ ಕೂತಿತು. ತಮ್ಮನಿಗೆ ಒಂದೇ ಮಾತು ಹೇಳಿದೆ: ‘ಆ ಕಾರಿನಾಗ ಬ್ಯಾರೆ ಕಾರಿಂದು ಏನೇನು ಐತಿ, ಅದರದ್ದೇ ಅಂತ ಏನೇನು ಐತಿ, ಪಟ್ಟಿ ಮಾಡು.’ ಇಂಜಿನ್ನು, ಗೇರು ಕಂಪನಿಯ ಬೇರೆ ಕಾರುಗಳಲ್ಲೂ ಇದ್ದವು. ಬಾಗಿಲು, ಬಾನೆಟ್ಟು, ಲ್ಯಾಂಪು, ಆ ಬಟ್ಟೆ ಚಾವಣಿ ಮಾತ್ರ ಇನ್ನೆಲ್ಲೂ ಹುಟ್ಟೋದಿಲ್ಲ. ಅವನು ಪಟ್ಟಿ ಮಾಡಿದ. ಅಷ್ಟರಲ್ಲಿ ಅವನ ಹೆಂಡತಿ, ನಮ್ಮ ನಾದಿನಿ, ಡಿಕ್ಕಿ ತೆಗೆದು ನೋಡಿ, ಮಗುವಿನ ಗಾಡಿ ಹಿಡಿಯೋದಿಲ್ಲ ಅಂದಳಂತೆ. ಅಲ್ಲಿಗೆ ಮುಗಿಯಿತು. ಈಗಲೂ ಊರಿಗೆ ಬಂದರೆ ಒಂದು ಮಿರ್ಚಿ ಮುಗಿಸುವಷ್ಟರಲ್ಲಿ ಆ ಕಾರಿನ ಮಾತು ತೆಗೀತಾನೆ, ನಾದಿನಿ ಒಳಗೆ ಎದ್ದು ಹೋಗ್ತಾಳೆ.

ಬೆಲೆ ಬೀಳೋದನ್ನು ನಾವು ಬಳ್ಳಾರಿಯವರೂ ಬೇಗನೇ ನೋಡಿದೆವು ಅನ್ನಿ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಗಣಿ ನಿಲ್ಲಿಸಿದ ಮೇಲೆ ಟಿಪ್ಪರುಗಳು ಸಾಲುಸಾಲಾಗಿ ನಿಂತವು. ಫೈನಾನ್ಸಿನವರು ಎಳೆದೊಯ್ದ ಗಾಡಿಗಳ ಟೈರು ಮೊದಲು ಹೋಯ್ತು, ಆಮೇಲೆ ಬ್ಯಾಟರಿ, ಆಮೇಲೆ ಡೀಸೆಲ್ ಪಂಪು. ಆ ವರ್ಷ ನಮ್ಮ ಅಂಗಡಿಗೆ ಕೊಳ್ಳುವವರಿಗಿಂತ ಮಾರಲು ಬಂದವರೇ ಹೆಚ್ಚು.

ಇನ್ನು ನನ್ನ ಕಾರು. ಫಿಯೆಟ್ ಕಂಪನಿಯ ಅಬಾರ್ತ್ ಪುಂಟೊ. ಅದು ಸ್ಪೋರ್ಟ್ಸ್ ಕಾರೇ ಅಲ್ಲ ಅಂತ ಜಗಳಕ್ಕೆ ಬರುವವರಿದ್ದಾರೆ, ಬರಲಿ. ನಾಲ್ಕು ಬಾಗಿಲು, ಹಿಂದೊಂದು ಡಿಕ್ಕಿ ಬಾಗಿಲು, ನೋಡಲು ಮನೆಮಂದಿಯ ಕಾರೇ. ಒಳಗಿರೋದು 1.4 ಲೀಟರಿನ ಟರ್ಬೊ ಪೆಟ್ರೋಲ್ ಇಂಜಿನ್ನು, 145 ಕುದುರೆ, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕು, ಐದು ಗೇರು. ಪುಣೆ ಹತ್ತಿರದ ರಂಜನಗಾಂವ್‌ನಲ್ಲಿ ತಯಾರು. 2015ರ ಅಕ್ಟೋಬರಿನಲ್ಲಿ ಬಂದಾಗ ದಿಲ್ಲಿಯ ಎಕ್ಸ್ ಶೋರೂಂ ಬೆಲೆ 9.95 ಲಕ್ಷ. ಆ ದುಡ್ಡಿಗೆ ನಮ್ಮೂರವರು ದೊಡ್ಡ ಗಾಡಿ ಕೇಳ್ತಾರೆ, ಡೀಸೆಲ್ ಕೇಳ್ತಾರೆ, ಮಾರಿದರೆ ಎಷ್ಟು ಬರುತ್ತೆ ಅಂತ ಕೇಳ್ತಾರೆ. ಮಾರಾಟವಾಗದ ಕಾರಿಗೆ ಯಾರ್ಡಿನಲ್ಲಿ ಧೂಳು ಕೂತಿತು. 2019ರ ಹೊತ್ತಿಗೆ ಫಿಯೆಟ್ ನಮ್ಮ ದೇಶದಲ್ಲಿ ಕಾರು ಮಾರುವುದನ್ನೇ ನಿಲ್ಲಿಸಿತು.

ಬೇರೆ ಜಿಲ್ಲೆಯ ಒಂದು ಯಾರ್ಡಿನಲ್ಲಿ ಬಿಳಿ ಬಣ್ಣದ್ದೊಂದು ಉಳಿದಿದೆ ಅಂತ ಪಾರ್ಟ್ಸ್ ಸಪ್ಲೈ ಮಾಡುವ ಗೆಳೆಯ ಹೇಳಿದ. ಫೆಬ್ರವರಿಯಲ್ಲಿ ಬೆಳಗಿನ ಬಸ್ಸು ಹಿಡಿದು ಹೋದೆ. ಸೇಲ್ಸ್‌ನವನು ಚಿಕ್ಕ ಹುಡುಗ, ಟೈ ಕಟ್ಟಿದ್ದ. ‘ಲಾಸ್ಟ್ ಪೀಸ್ ಸರ್, 7 ಲಕ್ಷದ 60 ಸಾವಿರ’ ಅಂದ. ನಾನು ಮಾತಾಡದೆ ಟೈರಿನ ಮುಂದೆ ಕುಕ್ಕರಗಾಲಲ್ಲಿ ಕೂತೆ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಅಲ್ಲಿ 2317 ಅಂತಿತ್ತು. ಅಂದರೆ 2017ರ 23ನೇ ವಾರದ ಟೈರು. ಕಾರು ಒಂದೂವರೆ ವರ್ಷ ಅದೇ ಜಾಗದಲ್ಲಿ ನಿಂತಿದೆ. ಬಾನೆಟ್ಟು ಎತ್ತಿಸಿದೆ. ಬ್ಯಾಟರಿ ಪೂರ್ತಿ ಸತ್ತಿತ್ತು. ಏರ್ ಫಿಲ್ಟರ್ ಡಬ್ಬಿಯ ಪಕ್ಕ ಇಲಿ ಹತ್ತಿಯ ಗೂಡು ಕಟ್ಟಿ, ಎರಡು ವೈರಿನ ತೊಗಟೆ ಕಡಿದಿತ್ತು. ಹುಡುಗ ನನಗಿಂತ ಮೊದಲು ‘ಅಯ್ಯೋ’ ಅಂದ. ಪಾಪ, ಅವನೂ ಮೊದಲ ಸಲ ನೋಡಿದ್ದಿರಬೇಕು.

ಮ್ಯಾನೇಜರ್ ಬಂದರು. ನಾನು ಜೇಬಿನಿಂದ ಪಟ್ಟಿ ತೆಗೆದೆ. ತಮ್ಮನಿಗೆ ಹೇಳಿದ್ದೆನಲ್ಲ, ಅದೇ ಲೆಕ್ಕ. ಡೀಸೆಲ್ ಪುಂಟೊ ಆಗಿದ್ದರೆ ನನಗೆ ಚಿಂತೆಯೇ ಇರಲಿಲ್ಲ, ಅದರ 1.3 ಮಲ್ಟಿಜೆಟ್ ಇಂಜಿನ್ನನ್ನು ಮಾರುತಿ ಸ್ವಿಫ್ಟ್‌ನಲ್ಲಿ, ಟಾಟಾ ವಿಸ್ಟಾದಲ್ಲಿ ಇಡೀ ದೇಶವೇ ಓಡಿಸಿದೆ. ನಮ್ಮೂರ ಕೌಲ್ ಬಜಾರಿನ ಮೆಕ್ಯಾನಿಕ್ ಹುಡುಗರು ಕಣ್ಣು ಮುಚ್ಚಿ ಬಿಚ್ಚಿ ಕಟ್ಟುತ್ತಾರೆ. ಈ ಪೆಟ್ರೋಲ್ ಟರ್ಬೊ ಹಾಗಲ್ಲ. ಅದು ಲೀನಿಯಾ ಟಿ-ಜೆಟ್‌ನಲ್ಲಿ ಬಂದಿತ್ತು, ಅದೂ ಅಪರೂಪದ ಗಾಡಿಯೇ. ಟೈಮಿಂಗ್ ಬೆಲ್ಟು, ವಾಟರ್ ಪಂಪು, ಟರ್ಬೊ ಹೋಸು, ಲೋವರ್ ಆರ್ಮು, ಎರಡು ಹೆಡ್‌ಲ್ಯಾಂಪು, ಮುಂದಿನ ಬಂಪರು: ಇವನ್ನೆಲ್ಲ ಇವತ್ತೇ ಕೊಂಡು ಮನೆಯಲ್ಲಿಟ್ಟುಕೊಳ್ಳಬೇಕು, ಅದರ ದುಡ್ಡು ಕಾರಿನ ಬೆಲೆಯಲ್ಲಿ ಕಳೆಯಿರಿ ಅಂದೆ. ‘ಸರ್, ಹತ್ತು ವರ್ಷ ಪಾರ್ಟ್ಸ್ ಸಿಗುತ್ತೆ’ ಅಂದರು. ‘ಸಿಗ್ತಾವ್ರಿ, ಯಾವಾಗ ಅನ್ನೋದು ಹೇಳ್ರಿ’ ಅಂದೆ. ಅವರು ನಕ್ಕರು. ನಾನೂ ಅಂಗಡಿಯವನು ಅಂತ ಅವರಿಗೆ ಆಗ ಗೊತ್ತಾಯ್ತು, ಚಹಾ ತರಿಸಿದರು.

ಆಮೇಲೆ ನನ್ನ ಕೈಲಿದ್ದ ದೊಡ್ಡ ಅಸ್ತ್ರ ತೆಗೆದೆ. 2020ರ ಏಪ್ರಿಲ್ 1ರಿಂದ ಬಿಎಸ್-4 ಅನ್ನೋ ಹೊಗೆ ನಿಯಮದ ಗಾಡಿಯನ್ನು ಮಾರುವಂತಿಲ್ಲ, ನೋಂದಣಿ ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟು 2018ರ ಅಕ್ಟೋಬರಿನಲ್ಲೇ ಹೇಳಿಬಿಟ್ಟಿತ್ತು. 2017ರ ಮಾರ್ಚ್ ಕೊನೆಯಲ್ಲಿ ಬಿಎಸ್-3 ಬೈಕುಗಳಿಗೆ ಏನಾಯ್ತು ಅಂತ ಎಲ್ಲರೂ ನೋಡಿದ್ದರು. ಎರಡೇ ದಿನದಲ್ಲಿ ಸಾವಿರಾರು ರೂಪಾಯಿ ಇಳಿಸಿ, ರಾತ್ರಿಯವರೆಗೂ ಮಾರಿದ್ದರು. ಈ ಬಿಳಿ ಕಾರೂ ಬಿಎಸ್-4, ಇನ್ನು ಹದಿಮೂರು ತಿಂಗಳು ಹಾಗೇ ನಿಂತರೆ ಆಮೇಲೆ ತೂಕಕ್ಕೇ ಹೋಗಬೇಕು. ಮ್ಯಾನೇಜರ್ ಕ್ಯಾಲ್ಕುಲೇಟರ್ ಎಳೆದುಕೊಂಡರು.

6 ಲಕ್ಷದ 55 ಸಾವಿರಕ್ಕೆ ಮಾತು ನಿಂತಿತು. ಹೊಸ ಬ್ಯಾಟರಿ, ವೈರಿಂಗ್, ಬ್ರೇಕ್ ಆಯಿಲ್ ಅವರದ್ದು. ಟೈರು ನನ್ನದು, ಅದಕ್ಕೆ ಎಷ್ಟು ಜಗ್ಗಿದರೂ ಬಗ್ಗಲಿಲ್ಲ.

ಸಹಿ ಹಾಕೋ ಮೊದಲು ಕಾಗದ ನೋಡಿದೆ. ಮಿಷಿಗನ್ ಕಥೆ ನೆನಪಿತ್ತಲ್ಲ. ಕೆಲವೊಮ್ಮೆ ಡೀಲರ್ ಹೆಸರಿನಲ್ಲಿ ಮೊದಲೇ ನೋಂದಣಿ ಆಗಿರುತ್ತೆ, ಡೆಮೊ ಗಾಡಿ ಆಗಿರುತ್ತೆ, ಆಗ ನೀವು ಎರಡನೇ ಮಾಲೀಕರು. ಡೀಲರ್ ಕೊಡೋ ಮಾರಾಟದ ಪತ್ರ, ಅಂದರೆ ಫಾರಂ 21ರಲ್ಲಿ ತಯಾರಾದ ತಿಂಗಳು, ವರ್ಷ ಬರೆದಿರಬೇಕು, ಅದನ್ನು ಚಾಸಿ ನಂಬರಿನ ಜೊತೆ ತಾಳೆ ನೋಡಬೇಕು. ಇನ್ನೊಂದು, ಬಹಳ ಜನಕ್ಕೆ ಗೊತ್ತಿಲ್ಲದ್ದು, ಇನ್ಶೂರೆನ್ಸ್. ಮಾಮೂಲಿ ಕಾರಿಗೆ ಐಡಿವಿ, ಅಂದರೆ ಇನ್ಶೂರೆನ್ಸಿನವರು ಕಾರಿಗೆ ಕಟ್ಟೋ ಬೆಲೆ, ಕಂಪನಿಯ ಪಟ್ಟಿ ಬೆಲೆಯಲ್ಲಿ ವಯಸ್ಸಿನ ಸವಕಳಿ ಕಳೆದು ಬರುತ್ತೆ. ತಯಾರಿಕೆಯೇ ನಿಂತುಹೋದ ಮಾದರಿಗೆ ಹಾಗಿಲ್ಲ. ಐದು ವರ್ಷ ದಾಟಿದ ಗಾಡಿಗಿರುವಂತೆ ಅದಕ್ಕೂ ಇನ್ಶೂರೆನ್ಸಿನವರು, ನೀವು ಕೂತು ಮಾತಾಡಿ ಒಪ್ಪಿಕೊಂಡದ್ದೇ ಬೆಲೆ. ಸುಮ್ಮನಿದ್ದರೆ ಅವರು ಹೇಳಿದ್ದೇ ಬೆಲೆ. ನಾನು ಪ್ರತಿವರ್ಷ ಆ ಆಫೀಸಿನಲ್ಲಿ ಅರ್ಧ ದಿನ ಜಗಳಾಡಿ ಬರ್ತೀನಿ, ಅಲ್ಲಿನ ಮೇಡಂ ಈಗ ನನ್ನನ್ನು ನೋಡಿದ ಕೂಡಲೇ ಕುರ್ಚಿ ತೋರಿಸ್ತಾರೆ.

ಕೆಎ-34 ನಂಬರ್ ಬಂದ ದಿನ ಅವ್ವನಿಗೆ ತೋರಿಸಿದೆ. ಅವಳು ಕಾರು ನೋಡಲಿಲ್ಲ, ಮುಂದಿನ ಲಾಂಛನ ನೋಡಿದಳು. ಅಬಾರ್ತ್ ಲಾಂಛನ ಚೇಳು. ಕಂಪನಿ ಕಟ್ಟಿದ ಕಾರ್ಲೊ ಅಬಾರ್ತ್ ಹುಟ್ಟಿದ್ದು ನವೆಂಬರಿನಲ್ಲಿ, ವೃಶ್ಚಿಕ ರಾಶಿ, 1949ರಲ್ಲಿ ಕಂಪನಿ ಶುರುಮಾಡಿದಾಗ ಅದನ್ನೇ ಗುರುತು ಮಾಡಿಕೊಂಡ. ಇದನ್ನೆಲ್ಲ ಅವ್ವನಿಗೆ ಹೇಳಬೇಕಾಗಲೇ ಇಲ್ಲ. ಅವಳ ತವರು ಗುರುಮಠಕಲ್ ಕಡೆ. ಅಲ್ಲಿನ ಕಂದಕೂರು ಬೆಟ್ಟದಲ್ಲಿ ನಾಗರ ಪಂಚಮಿಗೆ ಕೊಂಡಮಾಯಿಯ ಜಾತ್ರೆ, ಚೇಳಿನ ಜಾತ್ರೆ. ಕಲ್ಲೆಬ್ಬಿಸಿ ಚೇಳು ಹಿಡಿದು ಮಕ್ಕಳು ಅಂಗೈ ಮೇಲೆ, ಮುಖದ ಮೇಲೆ ಬಿಟ್ಟುಕೊಳ್ತಾರೆ, ಆ ದಿನ ಕಚ್ಚೋದಿಲ್ಲ ಅಂತ ನಂಬಿಕೆ. ‘ಕೊಂಡಮಾಯಿ ಮನಿಗೆ ಬಂದಾಳ’ ಅಂತ ಅವ್ವ ಕುಂಕುಮ ಹಚ್ಚಿದಳು. ಏಳು ಲಕ್ಷ ಹಾಳು ಮಾಡಿದೆ ಅಂತ ಬೈಸಿಕೊಳ್ಳಲು ಸಿದ್ಧನಾಗಿ ನಿಂತಿದ್ದವನು ನಾನು.

ಓಡಿಸೋದು ಹೇಗೆ ಅಂತ ಕೇಳ್ತೀರಿ. ಕುಡತಿನಿ ದಾಟಿ ರಸ್ತೆ ಖಾಲಿ ಸಿಕ್ಕಾಗ ಮೂರನೇ ಗೇರಿನಲ್ಲಿ ಕಾಲು ಒತ್ತಿದರೆ ಎದೆಗೆ ಯಾರೋ ಕೈಯಿಟ್ಟು ಹಿಂದಕ್ಕೆ ತಳ್ಳಿದಂತಾಗುತ್ತೆ. ಹಾಗೇ ನಮ್ಮ ಓಣಿಯ ಹಂಪು ಬಂದಾಗ ಹೊಟ್ಟೆ ತಾಗಿ ‘ಕರ್’ ಅನ್ನುತ್ತೆ, ನೆಲದಿಂದ ಇರೋದು 155 ಮಿಲಿಮೀಟರ್ ಅಷ್ಟೇ. ಪೆಟ್ರೋಲ್ ಕುಡಿಯೋದನ್ನು ಮನೆಯಲ್ಲಿ ಹೇಳಿಲ್ಲ. ಇಲ್ಲೂ ಬರೆಯೋದಿಲ್ಲ, ಮನೆಯವಳು ಓದ್ತಾಳೆ.

2021ರ ಸೆಪ್ಟೆಂಬರಿನಲ್ಲಿ ಫೋರ್ಡ್ ಇಲ್ಲಿ ತಯಾರಿಕೆ ನಿಲ್ಲಿಸ್ತೀವಿ ಅಂದಾಗ ವಾರದಲ್ಲಿ ನಾಲ್ಕು ಜನ ಅಂಗಡಿಗೆ ಬಂದು, ಡಿಸ್ಕೌಂಟಿಗೆ ಸಿಕ್ಕರೆ ತಗೋಬಹುದಾ ಅಂತ ಕೇಳಿದರು. ಮೂವರಿಗೆ ಬೇಡ ಅಂದೆ. ಅವರಿಗೆ ಬೇಕಿದ್ದದ್ದು ದಿನಾ ಬೆಳಿಗ್ಗೆ ತಕರಾರಿಲ್ಲದೆ ಸ್ಟಾರ್ಟ್ ಆಗೋ ಕಾರು. ನಾಲ್ಕನೆಯವನು ಜೇಬಿನಿಂದ ಪಟ್ಟಿ ತೆಗೆದ. ಅವನಿಗೆ ಚಹಾ ಹೇಳಿದೆ.

ಖಾಜಾ ಹೇಳಿದ್ದು ಅರ್ಧ ನಿಜವಾಗಿದೆ. ಸುಡುಗಾಡು ರ‍್ಯಾಕಿನ ಕೆಳಗಿನ ಸಾಲು ಈಗ ಪೂರ್ತಿ ನನ್ನ ಕಾರಿನದ್ದೇ. ಎರಡು ಟೈಮಿಂಗ್ ಬೆಲ್ಟು, ಒಂದು ವಾಟರ್ ಪಂಪು, ಗೋಣಿಯಲ್ಲಿ ಸುತ್ತಿದ ಬಂಪರು. ಯಾರ್ಡಿನವರು ಕೊಡ್ತೀವಿ ಅಂದಿದ್ದ ಎರಡು ಹೆಡ್‌ಲ್ಯಾಂಪಿನಲ್ಲಿ ಒಂದೇ ಬಂತು, ಇನ್ನೊಂದು ಸ್ಟಾಕಿಲ್ಲ ಅಂದರು. ಹೋದ ಸುಗ್ಗಿಯಲ್ಲಿ ಭತ್ತದ ಟ್ರ್ಯಾಕ್ಟರೊಂದು ರಿವರ್ಸ್ ಬಂದು ಮುಂದಿನ ಲ್ಯಾಂಪು ಒಡೀತು. ಒಡೆದದ್ದು ಬಲಗಡೆಯದು. ರ‍್ಯಾಕಿನಲ್ಲಿರೋದು ಎಡಗಡೆಯದು, ಆಸ್ಟ್ರಾದ ಪಕ್ಕದಲ್ಲೇ ಇಟ್ಟಿದ್ದೀನಿ.