ಕೊನೆಯ ಊಟದ ಮೇಲೆ ನಾನು ಹೊರಿಸಿದ ಆರೋಪ

ಆಹಾರದ ಮೂಲಕ ಬ್ಯಾಕ್ಟೀರಿಯಾ ಸೋಂಕು ತಗುಲಿ ಕಾಯಿಲೆ ಬಿದ್ದವರ ಪರವಾಗಿ ಪರಿಹಾರದ ದಾವೆ ನಡೆಸುವುದು ನನ್ನ ವಕೀಲಿ ವೃತ್ತಿಯ ಒಂದು ಭಾಗ. ಈ ಬಗೆಯ ಪ್ರಕರಣಗಳನ್ನು ಕೈಗೆತ್ತಿಕೊಂಡ ಎರಡನೆಯ ವರ್ಷದಲ್ಲಿ ನಾನು ಕಳುಹಿಸಿದ ಒಂದು ನೋಟಿಸಿನ ಪ್ರತಿಯನ್ನು ಇಂದಿಗೂ ಮೇಜಿನ ಖಾನೆಯಲ್ಲಿ ಇಟ್ಟುಕೊಂಡಿದ್ದೇನೆ. ಅದರ ಭಾಷೆ ಬಿಗಿಯಾಗಿದೆ, ಕಾನೂನಿನ ಕಲಮುಗಳೆಲ್ಲ ಸರಿಯಾಗಿವೆ, ಆದರೆ ಆರೋಪವೇ ತಪ್ಪು.

ಕಕ್ಷಿದಾರರು ಶನಿವಾರ ರಾತ್ರಿ ಒಂದು ಉಪಾಹಾರ ಗೃಹದಲ್ಲಿ ಊಟ ಮಾಡಿದ್ದರು. ಭಾನುವಾರ ಬೆಳಗಿನ ಜಾವದ ಹೊತ್ತಿಗೆ ಜ್ವರ, ಹೊಟ್ಟೆ ಹಿಂಡುವ ನೋವು ಮತ್ತು ರಕ್ತಮಿಶ್ರಿತ ಭೇದಿ ಶುರುವಾಗಿ ಐದು ದಿನ ಆಸ್ಪತ್ರೆಯಲ್ಲಿ ಇರಬೇಕಾಯಿತು. ಬಿಲ್ಲು ಇತ್ತು, ಆಸ್ಪತ್ರೆಯ ಡಿಸ್ಚಾರ್ಜ್ ಸಾರಾಂಶ ಇತ್ತು, ಮಲದ ಕಲ್ಚರ್‌ನಲ್ಲಿ ಕ್ಯಾಂಪೈಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಬೆಳೆದಿದೆ ಎಂಬ ಲ್ಯಾಬ್ ವರದಿಯೂ ಇತ್ತು. ಇಷ್ಟೆಲ್ಲ ದಾಖಲೆಗಳು ಒಟ್ಟಿಗೆ ಸಿಗುವುದು ಅಪರೂಪವಾದ್ದರಿಂದ ನಾನು ಉತ್ಸಾಹದಿಂದ ಮೂರೇ ದಿನಗಳಲ್ಲಿ ನೋಟಿಸು ಕಳುಹಿಸಿದೆ. ಎದುರು ಪಕ್ಷದ ವಕೀಲರ ಉತ್ತರ ಒಂದು ಪುಟವನ್ನೂ ಮೀರಿರಲಿಲ್ಲ. ಕ್ಯಾಂಪೈಲೋಬ್ಯಾಕ್ಟರ್ ದೇಹವನ್ನು ಹೊಕ್ಕ ಮೇಲೆ ಲಕ್ಷಣಗಳು ಕಾಣಿಸಿಕೊಳ್ಳಲು ಸಾಮಾನ್ಯವಾಗಿ 2ರಿಂದ 5 ದಿನ ಬೇಕು. ನೀವೇ ಲಗತ್ತಿಸಿದ ಬಿಲ್ಲಿನ ಪ್ರಕಾರ ಊಟಕ್ಕೂ ಕಾಯಿಲೆಗೂ ನಡುವೆ ಇರುವುದು ಎಂಟು ಗಂಟೆ ಮಾತ್ರ. ಹೀಗಿರುವಾಗ ಕಾಯಿಲೆಗೆ ನಮ್ಮ ಕಕ್ಷಿದಾರರು ಹೇಗೆ ಕಾರಣ ಎಂಬುದನ್ನು ದಯವಿಟ್ಟು ವಿವರಿಸಿ ಎಂದು ಅವರು ಅತ್ಯಂತ ವಿನಯದಿಂದ ಕೇಳಿದ್ದರು.

ಪೆಟ್ಟು ಅಷ್ಟಕ್ಕೇ ನಿಲ್ಲಲಿಲ್ಲ. ಆಮೇಲೆ ಕೂತು ಕೇಳಿದಾಗ, ಅದೇ ವಾರದ ಬುಧವಾರ ಕಕ್ಷಿದಾರರು ಕಚೇರಿಯ ಕೂಟವೊಂದರಲ್ಲಿ ಊಟ ಮಾಡಿದ್ದರೆಂದೂ, ಅಲ್ಲಿ ಉಂಡ ಇನ್ನಿಬ್ಬರು ಸಹೋದ್ಯೋಗಿಗಳಿಗೂ ವಾರಾಂತ್ಯದಲ್ಲಿ ಹೊಟ್ಟೆ ಕೆಟ್ಟಿತ್ತೆಂದೂ ತಿಳಿಯಿತು. ನಿಜವಾದ ಪ್ರಕರಣ ಇದ್ದದ್ದು ಅಲ್ಲಿ. ಆದರೆ ಅಷ್ಟು ಹೊತ್ತಿಗೆ ಆರು ವಾರ ಕಳೆದಿತ್ತು, ಆ ಇಬ್ಬರು ಯಾವ ಪರೀಕ್ಷೆಯನ್ನೂ ಮಾಡಿಸದೆ ಗುಣವಾಗಿದ್ದರು, ಊಟ ಒದಗಿಸಿದವರ ಬಳಿ ಆ ದಿನದ ಆಹಾರವಾಗಲಿ ದಾಖಲೆಯಾಗಲಿ ಉಳಿದಿರಲಿಲ್ಲ. ಅವರ ವಿರುದ್ಧ ಹೋಗಲು ಯತ್ನಿಸಿದಾಗ ಅವರು ಮೊದಲು ಮುಂದಿಟ್ಟದ್ದು ನನ್ನದೇ ನೋಟಿಸನ್ನು: ಮೊನ್ನೆ ಬೇರೆಯವರ ಮೇಲೆ ಇಷ್ಟೇ ಖಚಿತವಾಗಿ ಆರೋಪ ಮಾಡಿದ್ದಿರಲ್ಲ, ಇಂದು ನಮ್ಮ ಮೇಲೇಕೆ? ಆ ಕಕ್ಷಿದಾರರಿಗೆ ಒಂದು ಪೈಸೆಯೂ ದೊರೆಯಲಿಲ್ಲ. ನಾನು ಶುಲ್ಕವನ್ನು ಹಿಂತಿರುಗಿಸಿದೆ; ಅದರಿಂದ ಅವರಿಗೆ ದೊಡ್ಡ ಸಮಾಧಾನವೇನೂ ಆದಂತಿರಲಿಲ್ಲ.

ಕಾಯಿಲೆ ಬಿದ್ದವರು ಕೊನೆಯ ಊಟವನ್ನು ದೂರುವುದು ಸಹಜ. ವಾಂತಿಯಾದಾಗ ನೆನಪಾಗುವುದು ಆಗಷ್ಟೇ ಉಂಡದ್ದು. ಆ ನೆನಪನ್ನು ಪ್ರಶ್ನಿಸಬೇಕಾದದ್ದು ವಕೀಲನ ಕೆಲಸ, ಮತ್ತು ಪ್ರಶ್ನಿಸಲು ಬ್ಯಾಕ್ಟೀರಿಯಾದ ಹೆಸರು ಗೊತ್ತಿರಬೇಕು. ಸ್ಟೆಫೈಲೊಕಾಕಸ್ ಆಹಾರದಲ್ಲೇ ಬಿಟ್ಟಿರುವ ವಿಷ ಅರ್ಧ ಗಂಟೆಯಿಂದ 8 ಗಂಟೆಯೊಳಗೆ ವಾಂತಿ ತರಿಸುತ್ತದೆ. ಅಂಥ ಪ್ರಕರಣದಲ್ಲಿ ಕೊನೆಯ ಊಟವನ್ನು ಶಂಕಿಸುವುದು ನ್ಯಾಯವೇ. ಸಾಲ್ಮೊನೆಲ್ಲಾ 6 ಗಂಟೆಯಿಂದ 6 ದಿನ ತೆಗೆದುಕೊಳ್ಳಬಹುದು. ಶಿಗಾ ವಿಷವನ್ನು ಉತ್ಪಾದಿಸುವ ಇ. ಕೋಲೈ ಸಾಮಾನ್ಯವಾಗಿ 3ರಿಂದ 4 ದಿನ ತೆಗೆದುಕೊಳ್ಳುತ್ತದೆ. ಗರ್ಭಿಣಿಯರನ್ನೂ ವೃದ್ಧರನ್ನೂ ವಿಶೇಷವಾಗಿ ಕಾಡುವ ಲಿಸ್ಟೀರಿಯಾ ಕೆಲವೊಮ್ಮೆ 70 ದಿನಗಳ ಬಳಿಕ ತಲೆಯೆತ್ತುವುದುಂಟು. ಎರಡು ತಿಂಗಳ ಹಿಂದೆ ಏನು ತಿಂದಿರೆಂದು ಕೇಳಿದರೆ ಯಾರು ತಾನೇ ಹೇಳಬಲ್ಲರು? ಹಾಗಾಗಿ ಲಿಸ್ಟೀರಿಯಾ ಪ್ರಕರಣಗಳಲ್ಲಿ ನಾನು ನೆನಪನ್ನು ನಂಬುವುದಿಲ್ಲ. ಬ್ಯಾಂಕ್ ಕಾರ್ಡಿನ ವಿವರಪಟ್ಟಿ, ಆನ್‌ಲೈನ್ ಆರ್ಡರುಗಳ ಇತಿಹಾಸ, ಮೊಬೈಲಿನಲ್ಲಿರುವ ಊಟದ ಫೋಟೊಗಳು, ಇವುಗಳಿಂದ ದಿನಚರಿಯನ್ನು ಮರುಕಟ್ಟುತ್ತೇನೆ.

ಎರಡನೆಯ ಪಾಠವನ್ನು ಕಲಿಸಿದ್ದು ಲ್ಯಾಬ್. ಈಗ ಅನೇಕ ಆಸ್ಪತ್ರೆಗಳು ಮಲದ ಮಾದರಿಯನ್ನು ತ್ವರಿತ ಡಿಎನ್‌ಎ ಪರೀಕ್ಷೆಗೆ ಒಳಪಡಿಸುತ್ತವೆ, ಮತ್ತು ಕೆಲವೇ ಗಂಟೆಗಳಲ್ಲಿ ಸೋಂಕಿನ ಹೆಸರು ಹೇಳುತ್ತವೆ. ಚಿಕಿತ್ಸೆಗೆ ಅದು ಬಹಳ ಒಳ್ಳೆಯದು. ಆದರೆ ಈ ಪರೀಕ್ಷೆ ಬ್ಯಾಕ್ಟೀರಿಯಾವನ್ನು ಬೆಳೆಸುವುದಿಲ್ಲ, ಮತ್ತು ಬೆಳೆದ ಬ್ಯಾಕ್ಟೀರಿಯಾ ಕೈಯಲ್ಲಿಲ್ಲದೆ ಅದರ ಪೂರ್ಣ ಜೀನೋಮ್, ಅಂದರೆ ಅದರ ಇಡೀ ಡಿಎನ್‌ಎ ಬರಹವನ್ನು, ಓದುವುದು ಕಷ್ಟ. ಹೆಸರು ಗೊತ್ತಾದ ಮಾತ್ರಕ್ಕೆ ಬೆರಳಚ್ಚು ಸಿಕ್ಕಂತಾಗುವುದಿಲ್ಲ. ರೋಗಿಯ ದೇಹದ ಸಾಲ್ಮೊನೆಲ್ಲಾವೂ ಕಾರ್ಖಾನೆಯ ಆಹಾರದ ಸಾಲ್ಮೊನೆಲ್ಲಾವೂ ಒಂದೇ ಮೂಲದವು ಎಂದು ತೋರಿಸುವುದು ಆ ಬೆರಳಚ್ಚು, ಮತ್ತು ದಾವೆ ನಿಲ್ಲುವುದೂ ಬೀಳುವುದೂ ಬಹುಮಟ್ಟಿಗೆ ಅದರ ಮೇಲೆಯೇ. ಆದ್ದರಿಂದ ಕರೆ ಬಂದ ದಿನವೇ ನಾನು ಹೇಳುವ ಮೊದಲ ಮಾತೆಂದರೆ, ತ್ವರಿತ ಪರೀಕ್ಷೆಯ ಜೊತೆಗೆ ಕಲ್ಚರ್ ಕೂಡ ಮಾಡಿಸಲು ಸಾಧ್ಯವೇ ಎಂದು ವೈದ್ಯರನ್ನು ಕೇಳಿ, ಮತ್ತು ಸಾಧ್ಯವಾದರೆ ಆಂಟಿಬಯಾಟಿಕ್ ಆರಂಭವಾಗುವ ಮುನ್ನವೇ ಮಾದರಿ ಕೊಡಿ ಎಂಬುದು. ಚಿಕಿತ್ಸೆ ಯಾವಾಗ, ಹೇಗೆ ಎಂಬುದು ಮಾತ್ರ ವೈದ್ಯರಿಗೇ ಬಿಟ್ಟದ್ದು. ದಾವೆಗಾಗಿ ಚಿಕಿತ್ಸೆಯನ್ನು ಮುಂದೂಡಿ ಎಂದು ಯಾವ ವಕೀಲನೂ ಹೇಳಬಾರದು.

ಈ ಬೆರಳಚ್ಚಿನ ಬಲ ಎಷ್ಟೆಂಬುದನ್ನು ದಕ್ಷಿಣ ಆಫ್ರಿಕಾದ 2017-18ರ ಲಿಸ್ಟೀರಿಯಾ ಪಿಡುಗಿನಲ್ಲಿ ಕಾಣಬಹುದು. ಅಲ್ಲಿ 1,060 ಪ್ರಕರಣಗಳು ದೃಢಪಟ್ಟವು, 200ಕ್ಕೂ ಹೆಚ್ಚು ಜನ ಸತ್ತರು. ದೇಶದ ಉದ್ದಗಲಕ್ಕೂ ಚದುರಿದ್ದ ರೋಗಿಗಳನ್ನು ಒಂದು ಮಾಂಸೋತ್ಪನ್ನ ಕಾರ್ಖಾನೆಗೆ ಜೋಡಿಸಿದ್ದು ಜೀನೋಮ್ ಪರೀಕ್ಷೆ. ಅದೇ ಆಧಾರದ ಮೇಲೆ ಸಂತ್ರಸ್ತರು ಸಾಮೂಹಿಕ ದಾವೆಯ ಹಾದಿ ಹಿಡಿದರು. ಒಬ್ಬೊಬ್ಬರೇ ನ್ಯಾಯಾಲಯಕ್ಕೆ ಹೋಗಿದ್ದರೆ ಪ್ರತಿಯೊಬ್ಬರೂ ಅದೇ ಕಾರ್ಖಾನೆಯ ತಪ್ಪನ್ನು ಮೊದಲಿನಿಂದ ಸಾಬೀತುಪಡಿಸಬೇಕಾಗುತ್ತಿತ್ತು.

ಕಾನೂನಿನ ಹಾದಿಗಳ ವಿಷಯಕ್ಕೆ ಬಂದರೆ, ದೇಶದಿಂದ ದೇಶಕ್ಕೆ ವಿವರಗಳು ಬದಲಾದರೂ ಬುನಾದಿ ಬಹುಮಟ್ಟಿಗೆ ಒಂದೇ. ಆಹಾರವನ್ನು ನೇರವಾಗಿ ಕೊಂಡವರು ಮಾರಾಟಗಾರರ ಮೇಲೆ ಒಪ್ಪಂದಭಂಗದ ಹಕ್ಕು ಸಾಧಿಸಬಹುದು, ಏಕೆಂದರೆ ತಿನ್ನಲು ಮಾರಿದ ವಸ್ತು ತಿನ್ನಲು ಯೋಗ್ಯವಾಗಿದೆ ಎಂಬ ಭರವಸೆ ಆ ಮಾರಾಟದಲ್ಲೇ ಅಡಗಿರುತ್ತದೆ. ತಾವು ಕೊಳ್ಳದೆ, ಇನ್ನೊಬ್ಬರು ಕೊಂಡು ಕೊಟ್ಟದ್ದನ್ನು ತಿಂದವರ ಗತಿ? ಈ ಪ್ರಶ್ನೆಗೆ ಬ್ರಿಟನ್ನಿನ ಡಾನಹ್ಯೂ ವಿರುದ್ಧ ಸ್ಟೀವನ್‌ಸನ್ ಪ್ರಕರಣ 1932ರಲ್ಲಿ ಉತ್ತರ ಕೊಟ್ಟಿತು. ಸ್ಕಾಟ್ಲೆಂಡಿನ ಪೇಸ್ಲಿಯ ಒಂದು ಕೆಫೆಯಲ್ಲಿ ಗೆಳತಿ ಕೊಡಿಸಿದ ಜಿಂಜರ್ ಬಿಯರ್ ಬಾಟಲಿಯಲ್ಲಿ ಕೊಳೆತ ಬಸವನಹುಳು ಇತ್ತೆಂಬುದು ದಾವೆ ಹೂಡಿದ ಡಾನಹ್ಯೂ ಎಂಬ ಮಹಿಳೆಯ ದೂರು. ಅಂತಿಮ ಗ್ರಾಹಕರ ಬಗ್ಗೆ ತಯಾರಕರು ಎಚ್ಚರ ವಹಿಸುವುದು ಕರ್ತವ್ಯ, ನಡುವೆ ಒಪ್ಪಂದವಿಲ್ಲದಿದ್ದರೂ ಸರಿ, ಎಂದು ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಹೇಳಿತು. ನಿರ್ಲಕ್ಷ್ಯದ ಕಾನೂನಿನ ಒಂದು ದೊಡ್ಡ ಕಟ್ಟಡವೇ ಆ ಬಸವನಹುಳುವಿನ ಮೇಲೆ ನಿಂತಿದೆ. ಬಾಟಲಿಯಲ್ಲಿ ಅದು ನಿಜವಾಗಿಯೂ ಇತ್ತೇ ಎಂಬುದು ಮಾತ್ರ ಎಂದೂ ಸಾಬೀತಾಗಲಿಲ್ಲ.

ನಿರ್ಲಕ್ಷ್ಯವನ್ನು ಸಾಬೀತುಪಡಿಸುವುದು ಸುಲಭವಲ್ಲ, ಏಕೆಂದರೆ ಅಡುಗೆಮನೆಯೊಳಗೆ ಏನಾಯಿತೆಂಬುದು ರೋಗಿಗೆ ತಿಳಿಯುವ ಬಗೆಯಿಲ್ಲ. ಈ ಅಸಮತೋಲನವನ್ನು ತಗ್ಗಿಸಲೆಂದೇ ಅನೇಕ ದೇಶಗಳು ದೋಷಯುಕ್ತ ಉತ್ಪನ್ನಕ್ಕೆ ತಯಾರಕರನ್ನು ನೇರ ಹೊಣೆಗಾರರನ್ನಾಗಿ ಮಾಡಿವೆ. ಅಲ್ಲಿ ತಯಾರಕರು ಎಷ್ಟು ಎಚ್ಚರ ವಹಿಸಿದ್ದರೆಂಬ ಪ್ರಶ್ನೆಯ ಬದಲು, ಉತ್ಪನ್ನದಲ್ಲಿ ದೋಷವಿತ್ತೇ ಮತ್ತು ಆ ದೋಷದಿಂದಲೇ ಹಾನಿಯಾಯಿತೇ ಎಂಬ ಪ್ರಶ್ನೆ ಮುಖ್ಯವಾಗುತ್ತದೆ. ಯುರೋಪಿನಲ್ಲಿ ಇಂಥ ನಿಯಮ 1985ರಲ್ಲೇ ಬಂದಿತ್ತಾದರೂ ಸಂಸ್ಕರಿಸದ ಕೃಷಿ ಉತ್ಪನ್ನಗಳನ್ನು ಹೊರಗಿಡಲು ಅವಕಾಶವಿತ್ತು. ಹುಚ್ಚು ಹಸು ರೋಗದ ಆಘಾತದ ಬಳಿಕ 1999ರಲ್ಲಿ ಆ ವಿನಾಯಿತಿಯನ್ನು ತೆಗೆದರು. ಆದರೆ ನೇರ ಹೊಣೆಯಿದ್ದರೂ ಕಾಯಿಲೆಗೂ ಆಹಾರಕ್ಕೂ ಇರುವ ಕೊಂಡಿಯನ್ನು ತೋರಿಸುವ ಭಾರ ಬಹುತೇಕ ರೋಗಿಯ ಮೇಲೆಯೇ ಉಳಿಯುತ್ತದೆ. ನನ್ನ ನೋಟಿಸು ಬಿದ್ದದ್ದು ಅಲ್ಲೇ.

ಆ ಕೊಂಡಿಯನ್ನು ಕಟ್ಟಿಕೊಡುವಲ್ಲಿ ಖಾಸಗಿ ವಕೀಲನಿಗಿಂತ ಸರ್ಕಾರಿ ಆರೋಗ್ಯಾಧಿಕಾರಿಯ ಕೈ ದೊಡ್ಡದು. ಅಧಿಕಾರಿ ಅಡುಗೆಮನೆಯನ್ನು ಹೊಕ್ಕು ಮಾದರಿ ತೆಗೆಯಬಲ್ಲರು, ಬೇರೆ ರೋಗಿಗಳನ್ನು ಹುಡುಕಬಲ್ಲರು, ಕೆಲಸಗಾರರನ್ನು ಪರೀಕ್ಷಿಸಬಲ್ಲರು. ನಾನು ಪತ್ರ ಬರೆಯಬಲ್ಲೆ. ಆದ್ದರಿಂದ ದಾವೆಯ ಯೋಚನೆ ಇರಲಿ ಬಿಡಲಿ, ಆರೋಗ್ಯ ಇಲಾಖೆಗೆ ತಕ್ಷಣ ದೂರು ಕೊಡಿ ಎನ್ನುತ್ತೇನೆ. ನನ್ನ ಪತ್ರಕ್ಕೂ ಒಂದು ಉಪಯೋಗವಿದೆ: ಶೀತಲ ಸಂಗ್ರಹದ ತಾಪಮಾನದ ದಾಖಲೆ, ಕೆಲಸಗಾರರ ಹಾಜರಿ, ಸರಕು ಪೂರೈಕೆಯ ರಸೀದಿ, ಸಿಸಿಟಿವಿ ದೃಶ್ಯ, ಇವನ್ನೆಲ್ಲ ಅಳಿಸದೆ ಕಾಪಾಡಬೇಕೆಂದು ಅದರಲ್ಲಿ ಕೇಳುತ್ತೇನೆ. ಈಗ ನನ್ನ ಮೊದಲ ಪತ್ರದಲ್ಲಿ ಇಷ್ಟೇ ಇರುತ್ತದೆ, ಆರೋಪ ಇರುವುದಿಲ್ಲ. ಮನೆಯಲ್ಲಿ ಉಳಿದ ಆಹಾರವಿದ್ದರೆ ಪೊಟ್ಟಣದ ಸಮೇತ ಮುಚ್ಚಿ, ದಿನಾಂಕ ಬರೆದು, ಬೇರೆ ಯಾರೂ ತಿನ್ನದಂತೆ ಫ್ರಿಜ್‌ನಲ್ಲಿಟ್ಟು ಅಧಿಕಾರಿಗೆ ಒಪ್ಪಿಸಬೇಕು. ತಾವೇ ಡಬ್ಬಿ ಹಿಡಿದು ಖಾಸಗಿ ಲ್ಯಾಬಿಗೆ ಓಡಿದವರ ವರದಿಗಳು ಪಾಟೀಸವಾಲಿನಲ್ಲಿ ಪುಡಿಯಾದದ್ದನ್ನು ಕಂಡಿದ್ದೇನೆ, ಏಕೆಂದರೆ ನಡುವೆ ಆ ಡಬ್ಬಿಯನ್ನು ಯಾರು ಯಾರು ಮುಟ್ಟಿದರೆಂಬುದಕ್ಕೆ ದಾಖಲೆಯೇ ಇರಲಿಲ್ಲ.

ಇನ್ನೊಂದು ಸಂಗತಿಯನ್ನು ಸ್ವಲ್ಪ ಬೇಸರದಿಂದಲೇ ಬರೆಯಬೇಕಾಗಿದೆ. ಒಬ್ಬ ತಾಯಿ ಮಗುವಿನ ಭೇದಿ ಶುರುವಾದ ನಾಲ್ಕನೆಯ ದಿನ ಮಾರಾಟಗಾರರು ಕೊಟ್ಟ ಸಣ್ಣ ಮೊತ್ತವನ್ನು ಪಡೆದು ಒಂದು ಕಾಗದಕ್ಕೆ ಸಹಿ ಹಾಕಿದ್ದರು. ಮುಂದಿನ ಎಲ್ಲ ಹಕ್ಕುಗಳನ್ನೂ ಬಿಟ್ಟುಕೊಟ್ಟಿದ್ದೇನೆ ಎಂಬುದು ಅದರ ಕೊನೆಯ ಸಾಲು. ಶಿಗಾ ವಿಷದ ಇ. ಕೋಲೈ ಸೋಂಕಿನ ಕ್ರೂರ ಗುಣವೆಂದರೆ, ಭೇದಿ ಇಳಿಯುತ್ತಿದೆ ಎನ್ನುವಾಗಲೇ, ಸುಮಾರು ಒಂದು ವಾರಕ್ಕೆ, ಕೆಲವರಲ್ಲಿ, ಅದರಲ್ಲೂ ಐದು ವರ್ಷದೊಳಗಿನ ಮಕ್ಕಳಲ್ಲಿ, ಮೂತ್ರಪಿಂಡ ಸೋಲತೊಡಗುತ್ತದೆ. ಆ ಮಗುವಿಗೂ ಹಾಗೇ ಆಯಿತು. ಅಪ್ರಾಪ್ತರ ಪರವಾಗಿ ಮಾಡಿಕೊಂಡ ರಾಜಿಗೆ ನ್ಯಾಯಾಲಯದ ಒಪ್ಪಿಗೆ ಬೇಕೆಂಬ ನಿಯಮದ ಆಸರೆಯಿಂದ ಆ ಕಾಗದವನ್ನು ಬದಿಗೆ ಸರಿಸಲು ಸಾಧ್ಯವಾಯಿತು; ವಯಸ್ಕರಾಗಿದ್ದರೆ ನನ್ನಲ್ಲಿ ಉತ್ತರವಿರುತ್ತಿರಲಿಲ್ಲ. ಕ್ಯಾಂಪೈಲೋಬ್ಯಾಕ್ಟರ್ ಬಳಿಕ ಸಾವಿರದಲ್ಲಿ ಸುಮಾರು ಒಬ್ಬರಿಗೆ ಗಿಲನ್-ಬಾರೆ ಎಂಬ ನರದೌರ್ಬಲ್ಯ ಬರಬಹುದು, ಸಾಲ್ಮೊನೆಲ್ಲಾ ಬಳಿಕ ಕೀಲುನೋವು ತಿಂಗಳುಗಟ್ಟಲೆ ಉಳಿಯಬಹುದು. ಆದ್ದರಿಂದ ಕಾಯಿಲೆ ಪೂರ್ತಿ ಮುಗಿಯುವವರೆಗೆ ಯಾವ ಅಂತಿಮ ರಾಜಿಗೂ ನಾನು ಒಪ್ಪುವುದಿಲ್ಲ.

ಹಾಗೆಂದು ಕಾಯುತ್ತಲೇ ಇರಲೂ ಬಾರದು. ದಾವೆಗೆ ಕಾಲಮಿತಿಯಿದೆ: ಭಾರತದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರಿಗೆ ಎರಡು ವರ್ಷ, ಯುರೋಪಿನ ಉತ್ಪನ್ನ ಹೊಣೆಗಾರಿಕೆಯ ನಿಯಮದಡಿ ಹಾನಿ, ದೋಷ ಮತ್ತು ತಯಾರಕರು ಯಾರೆಂಬುದು ತಿಳಿದಲ್ಲಿಂದ ಮೂರು ವರ್ಷ. ಎದುರು ಪಕ್ಷದ ಹಣದ ಶಕ್ತಿಯನ್ನೂ ನೋಡಬೇಕಾಗುತ್ತದೆ. ಅಮೆರಿಕದಲ್ಲಿ 2008-09ರಲ್ಲಿ ಸಾಲ್ಮೊನೆಲ್ಲಾ ಸೇರಿದ್ದ ಕಡಲೆಕಾಯಿ ಉತ್ಪನ್ನಗಳಿಂದ 700ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದು 9 ಮಂದಿ ಸತ್ತ ಪ್ರಕರಣದಲ್ಲಿ ಕಂಪನಿಯ ಮುಖ್ಯಸ್ಥರಿಗೆ 2015ರಲ್ಲಿ 28 ವರ್ಷಗಳ ಶಿಕ್ಷೆಯಾಯಿತು; ಕಂಪನಿ ಮಾತ್ರ 2009ರಲ್ಲೇ ದಿವಾಳಿ ಅರ್ಜಿ ಸಲ್ಲಿಸಿತ್ತು. ಯಾರಿಗೋ ಜೈಲಾದರೆ ಸಂತ್ರಸ್ತರ ಆಸ್ಪತ್ರೆಯ ಬಿಲ್ಲು ತೀರುವುದಿಲ್ಲ, ಹಾಗಾಗಿ ವಿಮೆ ಎಷ್ಟಿದೆ, ಪೂರೈಕೆಯ ಸರಪಳಿಯಲ್ಲಿ ಬೇರೆ ಯಾರು ಹೊಣೆ ಹೊರಬಲ್ಲರು ಎಂಬುದನ್ನು ಮೊದಲ ತಿಂಗಳಲ್ಲೇ ವಿಚಾರಿಸುತ್ತೇನೆ.

ಬರುವ ಕರೆಗಳಲ್ಲಿ ಹೆಚ್ಚಿನವು ಎರಡು ದಿನದ ವಾಂತಿ-ಭೇದಿಯವು. ಪರೀಕ್ಷೆಯಾಗಿರುವುದಿಲ್ಲ, ಖರ್ಚೂ ಅಲ್ಪ. ಅವರಿಗೆ ದಾವೆ ಬೇಡವೆಂದು ನೇರವಾಗಿ ಹೇಳಿ, ಮಾರಾಟಗಾರರಿಂದ ಹಣ ವಾಪಸು ಕೇಳಲು ಒಂದು ಪತ್ರದ ಮಾದರಿಯನ್ನೂ ಆರೋಗ್ಯ ಇಲಾಖೆಗೆ ದೂರು ಕೊಡುವ ಬಗೆಯನ್ನೂ ತಿಳಿಸಿ ಕಳುಹಿಸುತ್ತೇನೆ. ಹೋಗುವ ಮುನ್ನ ಅವರಿಗೂ ಒಂದು ಹಾಳೆ ಕೊಡುತ್ತೇನೆ. ಕಾಯಿಲೆ ಶುರುವಾದ ಗಂಟೆಯಿಂದ ಹಿಂದಕ್ಕೆ ಎಣಿಸುತ್ತ ಏಳು ದಿನಗಳ ಊಟವನ್ನು ತುಂಬಲು ಅದರಲ್ಲಿ ಸಾಲುಗಳಿವೆ, ಮತ್ತು ಕೊನೆಯ ಊಟದ ಸಾಲನ್ನು ನಾನು ಬೇಕೆಂದೇ ಹಾಳೆಯ ಕೆಳತುದಿಯಲ್ಲಿ ಇಟ್ಟಿದ್ದೇನೆ.