ಇದನ್ನು ತೆಗೆದರೆ ಏನು ಬೀಳುತ್ತದೆ?

ದೈವಶಾಸ್ತ್ರದ ಸರ್ ತೀರಿಕೊಂಡ ಮೇಲೆ ಹಳೆಯ ವಿದ್ಯಾರ್ಥಿಗಳು ಎಲ್ಲೇ ಸೇರಲಿ, ಮಾತು ಸುತ್ತಿ ಬಳಸಿ ಅವರ ಒಂದು ಪ್ರಶ್ನೆಗೇ ಬಂದು ನಿಲ್ಲುತ್ತದೆ: “ಇದನ್ನು ತೆಗೆದರೆ ಏನು ಬೀಳುತ್ತದೆ, ಹೇಳಪ್ಪಾ?” ಆಗಿನ ಪಠ್ಯಕ್ರಮದಲ್ಲಿ ಏನೇನಿತ್ತು ಎಂದು ಕೇಳಿದರೆ ನಮ್ಮಲ್ಲಿ ಯಾರೂ ಸರಿಯಾಗಿ ಹೇಳಲಾರರು. ಆ ಪ್ರಶ್ನೆ ಮಾತ್ರ ಯಾರನ್ನೂ ಬಿಟ್ಟಿಲ್ಲ.

ವರ್ಷದ ಮೊದಲ ತರಗತಿಯಲ್ಲೇ ಸೌವಾರ್ತಿಕ (ಇವ್ಯಾಂಜೆಲಿಕಲ್ ಕ್ರೈಸ್ತ) ನಂಬಿಕೆಯ ಮೂಲ ಬೋಧನೆಗಳನ್ನು ಕಪ್ಪುಹಲಗೆಯ ಮೇಲೆ ಸಾಲಾಗಿ ಬರೆಯುತ್ತಿದ್ದರು: ಸತ್ಯವೇದದ ಅಧಿಕಾರ, ತ್ರಿಯೇಕ ದೇವರು, ಮನುಷ್ಯನ ಪಾಪ, ಕ್ರಿಸ್ತನ ದೇವತ್ವ ಮತ್ತು ಮನುಷ್ಯತ್ವ, ಶಿಲುಬೆಯ ಪ್ರಾಯಶ್ಚಿತ್ತ, ಪುನರುತ್ಥಾನ, ನಂಬಿಕೆಯ ಮೂಲಕ ನೀತಿವಂತರೆಂಬ ನಿರ್ಣಯ, ಹೊಸ ಹುಟ್ಟು, ಸಭೆ, ಎರಡನೆಯ ಬರೋಣ. ಬಾಯಿಪಾಠ ಮಾಡಿಸುತ್ತಿರಲಿಲ್ಲ. ಡಸ್ಟರ್ ಹಿಡಿದು ನಡುವಿನ ಒಂದನ್ನು ಅಳಿಸಿ, ಉಳಿದವುಗಳಲ್ಲಿ ಯಾವುದು ನಿಲ್ಲುತ್ತದೆ, ಯಾವುದು ಕುಸಿಯುತ್ತದೆ ಎಂದು ಕೇಳುತ್ತಿದ್ದರು. ಪಾಠವೆಲ್ಲ ಅಲ್ಲಿಂದ ಶುರು.

ಮೊದಲು ಅಳಿಸುತ್ತಿದ್ದದ್ದು ಸತ್ಯವೇದವನ್ನು. ಹಳೆಯ ಒಡಂಬಡಿಕೆಯ 39, ಹೊಸದರ 27, ಒಟ್ಟು 66 ಪುಸ್ತಕಗಳೆಂದು ಎಲ್ಲರೂ ಹೇಳುತ್ತಿದ್ದೆವು. ದೈವಪ್ರೇರಿತ ಎಂದರೇನು ಎಂದಾಗ ಅರ್ಧ ತರಗತಿ ಉಕ್ತಲೇಖನದಂಥದ್ದೇನನ್ನೋ ಹೇಳುತ್ತಿತ್ತು. ಸರ್ ಆಗ ಲೂಕನ ಮೊದಲ ನಾಲ್ಕು ವಚನಗಳನ್ನು ಓದಿಸುತ್ತಿದ್ದರು. ಎಲ್ಲವನ್ನೂ ಮೊದಲಿನಿಂದ ವಿಚಾರಿಸಿ ಕ್ರಮವಾಗಿ ಬರೆದೆನೆನ್ನುತ್ತಾನೆ ಲೂಕ. ಪವಿತ್ರಾತ್ಮನಿಂದ ನಡೆಸಲ್ಪಟ್ಟವರು ದೇವರ ಮಾತನ್ನು ಆಡಿದರೆನ್ನುತ್ತದೆ 2 ಪೇತ್ರ 1:21. ಎರಡನ್ನೂ ಒಟ್ಟಿಗೆ ಹಿಡಿಯಬೇಕು. ಮೊದಲನೆಯದನ್ನು ಬಿಟ್ಟರೆ ಕಾವ್ಯ, ಪತ್ರ, ಚರಿತ್ರೆ ಎಂಬ ಭೇದವಿಲ್ಲದೆ ಓದಿ ಎಡವುತ್ತೇವೆ. ಎರಡನೆಯದನ್ನು ಬಿಟ್ಟರೆ ಮುಂದಿನ ಬೋಧನೆಗಳಿಗೆಲ್ಲ ಆಧಾರವೇ ಇರುವುದಿಲ್ಲ. ಒಂದೇ ವಚನವನ್ನು ಕಿತ್ತು ತಂದವರಿಗೆ ಅವರ ನಿಯಮ ಗೊತ್ತೇ ಇತ್ತು: ಹಿಂದಿನ ಹತ್ತು ವಚನ, ಮುಂದಿನ ಹತ್ತು ವಚನ ಓದಿ ಬಾ, ಆಮೇಲೆ ಮಾತಾಡು.

ತ್ರಿಯೇಕ ದೇವರ ಪಾಠಕ್ಕೆ ಸರ್ ಜೊತೆ ಸಭಾ ಚರಿತ್ರೆಯ ಮೇಡಂ ಕೂಡ ಬರುತ್ತಿದ್ದರು. ಈ ಇಬ್ಬರನ್ನು ಒಂದೇ ತರಗತಿಯಲ್ಲಿ ಕಂಡವರು ಭಾಗ್ಯವಂತರು. ಉಪಮೆ ತಂದವರ ಗತಿ ಅಲ್ಲಿ ಕಷ್ಟ. ನೀರು, ಮಂಜುಗಡ್ಡೆ, ಹಬೆ ಎಂದು ಯಾರಾದರೂ ಬಾಯಿಬಿಟ್ಟರೆ ಮೇಡಂ, “ಮೂರನೆಯ ಶತಮಾನದ ಸಬೆಲ್ಲಿಯಸ್ ಬಂದ ನೋಡಿ” ಎನ್ನುತ್ತಿದ್ದರು. ಒಂದೇ ನೀರು ಬೇರೆಬೇರೆ ಹೊತ್ತಿನಲ್ಲಿ ಮೂರು ರೂಪ ತಾಳುತ್ತದೆ. ಹಾಗಾದರೆ ಸಬೆಲ್ಲಿಯಸ್ ಕಲಿಸಿದ ಹಾಗೆ ಒಬ್ಬನೇ ವ್ಯಕ್ತಿ ಮೂರು ಮುಖವಾಡ ತೊಟ್ಟಂತಾಯಿತು. ಮತ್ತಾಯ 3:16-17ರಲ್ಲಿ ಮಗನು ನೀರಿನಿಂದ ಮೇಲಕ್ಕೆ ಬರುತ್ತಾನೆ, ಆತ್ಮನು ಪಾರಿವಾಳದಂತೆ ಇಳಿಯುತ್ತಾನೆ, ತಂದೆಯ ಧ್ವನಿ ಪರಲೋಕದಿಂದ ಕೇಳಿಸುತ್ತದೆ, ಮೂರೂ ಒಂದೇ ಗಳಿಗೆಯಲ್ಲಿ. ಸೂರ್ಯ, ಬೆಳಕು, ಶಾಖ ಎಂದರೆ ಮಗನೂ ಆತ್ಮನೂ ವ್ಯಕ್ತಿಗಳಾಗಿ ಉಳಿಯದೆ ತಂದೆಯ ಶಕ್ತಿಗಳಾಗಿಬಿಡುತ್ತಾರೆ. ಮೂವರು ಮನುಷ್ಯರಿಗೂ ಮನುಷ್ಯತ್ವ ಒಂದೇ ಅಲ್ಲವೇ ಎಂದರೆ ಮೂವರು ದೇವರುಗಳಾದರು. ಉಪಮೆಗಳೆಲ್ಲ ಸೋತ ಮೇಲೆ ಸರ್ ನಾಲ್ಕು ವಾಕ್ಯ ಬರೆಸುತ್ತಿದ್ದರು. ದೇವರು ಒಬ್ಬನೇ. ತಂದೆ, ಮಗ, ಪವಿತ್ರಾತ್ಮ ಮೂವರೂ ಪೂರ್ಣವಾಗಿ ದೇವರು. ತಂದೆ ಮಗನಲ್ಲ, ಮಗನು ಆತ್ಮನಲ್ಲ, ಆತ್ಮನು ತಂದೆಯಲ್ಲ. ಇದು ಆದಿಯಿಂದಲೂ ಹೀಗೆಯೇ. ನಾಲ್ಕರಲ್ಲಿ ಒಂದನ್ನು ಬಿಟ್ಟರೂ ಹಳೆಯ ತಪ್ಪು ಯಾವುದಾದರೊಂದು ಒಳಗೆ ಬರುತ್ತದೆ.

“ತಪ್ಪು ಮೊದಲು ಬಂತಮ್ಮಾ, ವಿಶ್ವಾಸಪ್ರಮಾಣ ಆಮೇಲೆ ಬಂತು” ಎಂಬುದು ಮೇಡಂ ಅವರ ಮಾತು. ಮಗನು ಸೃಷ್ಟಿಯಾದವನು ಎಂದು ಅಲೆಕ್ಸಾಂಡ್ರಿಯದ ಪಾದ್ರಿ ಅರಿಯಸ್ ಹೇಳಿದ ಮೇಲೆಯೇ ನೈಸಿಯಾದಲ್ಲಿ 325ರಲ್ಲಿ ಬಿಷಪ್ಪರ ಮಹಾಸಭೆ ಕೂಡಿದ್ದು, ಮಗನು ತಂದೆಯೊಂದಿಗೆ ಒಂದೇ ಸತ್ವದವನೆಂದು ಸಾರಿದ್ದು. ಅರಿಯಸ್ ಗೆದ್ದಿದ್ದರೆ ಏನು ಬೀಳುತ್ತಿತ್ತು? ಅವನನ್ನು ಎದುರಿಸಿದ ಬಿಷಪ್ ಅಥನಾಸಿಯಸ್ ಕೊಟ್ಟ ಉತ್ತರವನ್ನೇ ಸರ್ ಹೇಳಿಸುತ್ತಿದ್ದರು: ಸೃಷ್ಟಿಯಾದವನು ಸೃಷ್ಟಿಯನ್ನು ದೇವರ ಬಳಿಗೆ ಸೇರಿಸಲಾರ. ಆಮೇಲೆ ಅಪೊಲ್ಲಿನಾರಿಸ್ ಎಂಬ ಬಿಷಪ್ ಬಂದು ಕ್ರಿಸ್ತನಿಗೆ ಮನುಷ್ಯ ದೇಹವಿತ್ತು, ಮನುಷ್ಯ ಮನಸ್ಸಿರಲಿಲ್ಲ ಎಂದ. 381ರ ಕಾನ್‌ಸ್ಟಾಂಟಿನೋಪಲ್ ಸಭೆ ಅದನ್ನು ತಳ್ಳಿಹಾಕಿತು. 451ರಲ್ಲಿ ಕಾಲ್ಸೆಡಾನ್ ಸಭೆ ಒಬ್ಬನೇ ಕ್ರಿಸ್ತ, ಎರಡು ಸ್ವಭಾವ ಎಂದು ಹೇಳಿ ನಾಲ್ಕು ಬೇಲಿ ಹಾಕಿತು: ಬೆರಕೆಯಿಲ್ಲದೆ, ಮಾರ್ಪಾಡಿಲ್ಲದೆ, ವಿಭಾಗವಿಲ್ಲದೆ, ಅಗಲಿಕೆಯಿಲ್ಲದೆ. ನಮ್ಮ ಸಭೆಗಳಲ್ಲಿ ಅರಿಯಸ್ಸಿಗಿಂತ ಅಪೊಲ್ಲಿನಾರಿಸ್ಸೇ ಹೆಚ್ಚು ಸಿಗುತ್ತಾನೆ ಎಂದು ಸರ್ ಎಚ್ಚರಿಸುತ್ತಿದ್ದರು. ಭಕ್ತಿಯ ಭರದಲ್ಲಿ ಯೇಸುವಿನ ಹಸಿವು, ದಣಿವು, ಕಣ್ಣೀರನ್ನು ಕೇವಲ ತೋರಿಕೆ ಮಾಡಿಬಿಡುತ್ತೇವೆ. ಆಗ ಇಬ್ರಿಯ 4:15 ಬೀಳುತ್ತದೆ. ನಮ್ಮಂತೆಯೇ ಶೋಧಿಸಲ್ಪಟ್ಟ ಮಹಾಯಾಜಕನು ನಮಗೆ ಇಲ್ಲವಾಗುತ್ತಾನೆ.

ಪಾಪದ ಪಾಠ ಚಿಕ್ಕದು. ಮನುಷ್ಯ ಎಷ್ಟು ಕೆಟ್ಟವನಾಗಬಹುದೋ ಅಷ್ಟೂ ಕೆಟ್ಟಿದ್ದಾನೆ ಎಂದಲ್ಲ, ಬುದ್ಧಿ, ಭಾವ, ಇಚ್ಛೆ ಯಾವುದೂ ಪಾಪ ಮುಟ್ಟದೆ ಉಳಿದಿಲ್ಲ ಎಂದು. ಇಚ್ಛಾಬಲವೊಂದೇ ಸಾಕೆಂಬ ಪೆಲಾಗಿಯಸ್ಸನ ಬೋಧನೆಯನ್ನು 418ರ ಕಾರ್ಥೇಜ್ ಸಭೆ ಖಂಡಿಸಿತು.

ಶಿಲುಬೆಗೆ ಬಂದಾಗ ಸರ್ ಯಾಜಕಕಾಂಡ 16ರಿಂದ ಆರಂಭಿಸುತ್ತಿದ್ದರು. ಪ್ರಾಯಶ್ಚಿತ್ತದ ದಿನ ಎರಡು ಹೋತಗಳು. ಒಂದನ್ನು ವಧಿಸಿ ಅದರ ರಕ್ತವನ್ನು ಒಡಂಬಡಿಕೆಯ ಮಂಜೂಷದ ಮುಚ್ಚಳವಾದ ಕೃಪಾಸನದ ಮೇಲೆ ಚಿಮುಕಿಸಬೇಕು. ಇನ್ನೊಂದರ ತಲೆಯ ಮೇಲೆ ಆರೋನನು ಎರಡೂ ಕೈಯಿಟ್ಟು ಜನರ ಪಾಪಗಳನ್ನು ಅರಿಕೆಮಾಡಿ, ಅದನ್ನು ಅರಣ್ಯಕ್ಕೆ ಕಳಿಸಬೇಕು. ದಂಡನೆ ತೀರುವುದೂ ಪಾಪ ದೂರವಾಗುವುದೂ ಒಂದೇ ಆಚರಣೆಯ ಎರಡು ಮಗ್ಗುಲು. ಅಲ್ಲಿಂದ ರೋಮಾ 3:21-26ಕ್ಕೆ ಬರುತ್ತಿದ್ದರು. ಆರೇ ವಚನ, ಆದರೆ ವಾರಗಟ್ಟಲೆ ಪಾಠ. ದೇವರು ಪಾಪವನ್ನು ಸುಮ್ಮನೆ ಬಿಟ್ಟರೆ ನೀತಿವಂತನಾಗಿ ಉಳಿಯುವುದಿಲ್ಲ. ಪಾಪಿಯನ್ನು ದಂಡಿಸಿದರೆ ಪಾಪಿ ಉಳಿಯುವುದಿಲ್ಲ. ಕ್ರಿಸ್ತನು ನಮ್ಮ ಸ್ಥಾನದಲ್ಲಿ ನಿಂತದ್ದರಿಂದ ದೇವರು ತಾನು ನೀತಿವಂತನಾಗಿದ್ದುಕೊಂಡೇ ಯೇಸುವನ್ನು ನಂಬುವವನನ್ನು ನೀತಿವಂತನೆಂದು ನಿರ್ಣಯಿಸುತ್ತಾನೆ. ‘ನಮ್ಮ ಸ್ಥಾನದಲ್ಲಿ’ ಎಂಬುದನ್ನು ಅಳಿಸಿದರೆ ಶಿಲುಬೆ ಬರೀ ಪ್ರೀತಿಯ ಮಾದರಿಯಾಗುತ್ತದೆ. ಮಾದರಿ ಎಂಬುದು ಸುಳ್ಳಲ್ಲ. 1 ಪೇತ್ರ 2:21 ಅದನ್ನೇ ಹೇಳುತ್ತದೆ. ಆದರೆ 24ನೆಯ ವಚನಕ್ಕೆ ಹೋಗುವಷ್ಟರಲ್ಲಿ ಆತನು ನಮ್ಮ ಪಾಪಗಳನ್ನು ತನ್ನ ದೇಹದಲ್ಲಿ ಹೊತ್ತನೆಂದು ಪೇತ್ರನೇ ಬರೆದಿದ್ದಾನೆ.

ಇಲ್ಲಿ ಬೋಧಕರು ಮಾಡುವ ಒಂದು ತಪ್ಪಿಗೆ ಸರ್ ಎಂದೂ ಸಡಿಲ ಬಿಟ್ಟವರಲ್ಲ. ಕೋಪಿಷ್ಠ ತಂದೆ, ಕರುಣಾಳು ಮಗ. ಮಗ ಅಡ್ಡ ಬಂದು ತಂದೆಯ ಮನಸ್ಸು ತಿರುಗಿಸಿದ ಎಂಬ ಚಿತ್ರ. ಕೇಳುವವರ ಕಣ್ಣಲ್ಲಿ ನೀರು ಬರಿಸುತ್ತದೆ, ಬೋಧನೆಯನ್ನು ಕೆಡಿಸುತ್ತದೆ. ರೋಮಾ 5:8ರಲ್ಲಿ ಪ್ರೀತಿ ದೇವರದ್ದೇ. ಯೋಹಾನ 10:18ರಲ್ಲಿ ಮಗನು ತನ್ನ ಪ್ರಾಣವನ್ನು ತಾನಾಗಿಯೇ ಕೊಡುತ್ತಾನೆ. ಇಬ್ಬರ ಚಿತ್ತ ಒಂದೇ. ಶಿಲುಬೆಯ ಪಾಠದಲ್ಲಿ ಈ ತಪ್ಪು ಮಾಡಿದವನು ತ್ರಿಯೇಕತ್ವದ ಪಾಠದಲ್ಲಿ ನಿದ್ದೆ ಮಾಡಿದ್ದಾನೆ ಎಂದು ಅವರಿಗೆ ತಕ್ಷಣ ಗೊತ್ತಾಗುತ್ತಿತ್ತು.

ಇನ್ನು ಆ ತಂಟೆಯ ಪ್ರಸಂಗ. ನೀತಿನಿರ್ಣಯದ ಕಿರುಪರೀಕ್ಷೆಯಲ್ಲಿ ಹಿಂದಿನ ಬೆಂಚಿನವರು ಮಾತಾಡಿಕೊಂಡು ಉತ್ತರಪತ್ರಿಕೆ ಖಾಲಿ ಬಿಟ್ಟು, ಮೇಲುಗಡೆ ‘ಎಫೆಸ 2:8-9: ಕೃಪೆಯಿಂದಲೇ, ಕ್ರಿಯೆಗಳಿಂದಲ್ಲ’ ಎಂದಷ್ಟೇ ಬರೆದು ಕೊಟ್ಟರು. ತರಗತಿಯೆಲ್ಲ ಸರ್ ಸಿಡಿಯುವುದನ್ನೇ ಕಾಯುತ್ತಿತ್ತು. ಅವರು ಸಿಡಿಯಲಿಲ್ಲ. ಪ್ರತಿ ಹಾಳೆಯ ಮೇಲೂ ಸೊನ್ನೆ ಹಾಕಿ, ಕೆಳಗೆ ‘ವಚನ 10 ಎಲ್ಲಿ?’ ಎಂದು ಬರೆದು ತಂದರು. ಆಮೇಲೆ ಆ ಪುಂಡರನ್ನೇ ಹಲಗೆಯ ಮುಂದೆ ನಿಲ್ಲಿಸಿ 8, 9, 10 ಮೂರನ್ನೂ ಓದಿಸಿದರು. ಕ್ರಿಯೆಗಳಿಂದ ರಕ್ಷಣೆಯಿಲ್ಲ, ಆದರೆ ಸತ್ಕ್ರಿಯೆಗಳಿಗಾಗಿಯೇ ಕ್ರಿಸ್ತನಲ್ಲಿ ಸೃಷ್ಟಿಸಲ್ಪಟ್ಟಿದ್ದೇವೆ. ‘ಇಂದ’ ಹೋಗಿ ‘ಗಾಗಿ’ ಬಂದ ಜಾಗದಲ್ಲಿ ಗೆರೆ ಎಳೆಯಿರಿ ಎಂದರು.

ಅಂದಿನ ಪಾಠಕ್ಕೆ ಸಮನಾದದ್ದು ಬೇರೆ ಇಲ್ಲ. ನೀತಿವಂತನೆಂಬ ನಿರ್ಣಯ ನ್ಯಾಯಾಧೀಶನ ತೀರ್ಪು. ಒಮ್ಮೆಗೇ ಆಗುವಂಥದ್ದು, ಹೆಚ್ಚು ಕಡಿಮೆ ಆಗುವುದಿಲ್ಲ. ಪವಿತ್ರೀಕರಣ ಬಾಳಿನುದ್ದಕ್ಕೂ ನಡೆಯುವ ಬೆಳವಣಿಗೆ. ಎರಡನ್ನೂ ಕಲಸಿದರೆ ವಿಶ್ವಾಸಿಗೆ ನೆಮ್ಮದಿಯೇ ಇರುವುದಿಲ್ಲ, ಪ್ರತಿ ಸೋಲಿನಲ್ಲೂ ತೀರ್ಪು ತಿರುಗಿಬಿತ್ತೆಂದು ಹೆದರುತ್ತಾನೆ. ಎರಡನ್ನೂ ಕತ್ತರಿಸಿ ಬೇರೆ ಮಾಡಿದರೆ ಆ ಹಿಂದಿನ ಬೆಂಚಿನ ಉತ್ತರಪತ್ರಿಕೆ ಸಿಗುತ್ತದೆ. 1547ರಲ್ಲಿ ರೋಮನ್ ಕ್ಯಾಥೊಲಿಕರ ಟ್ರೆಂಟ್ ಮಹಾಸಭೆ ಒಳಗಿನ ನವೀಕರಣವನ್ನೂ ನೀತಿನಿರ್ಣಯದೊಳಗೇ ಸೇರಿಸಿ ಹೇಳಿತು. ಪ್ರೊಟೆಸ್ಟಂಟ್ ಸುಧಾರಕರು ಬಿಡಿಸಲಾಗದ ಎರಡು ವರಗಳೆಂದು ಹೇಳಿದರು. ಹಾಗಾದರೆ ಮನುಷ್ಯನು ಬರೀ ನಂಬಿಕೆಯಿಂದಲ್ಲ, ಕ್ರಿಯೆಗಳಿಂದಲೇ ನೀತಿವಂತನೆನಿಸುತ್ತಾನೆ ಎನ್ನುವ ಯಾಕೋಬ 2:24? ಪೌಲನಿಗೆ ಎದುರಲ್ಲವೇ? ಸರ್ ಆದಿಕಾಂಡ ತೆಗೆಸಿದರು. ಪೌಲನು ರೋಮಾ 4ರಲ್ಲಿ ಹಿಡಿದದ್ದು ಆದಿಕಾಂಡ 15:6. ಅಬ್ರಹಾಮನ ನಂಬಿಕೆ ನೀತಿಯೆಂದು ಎಣಿಸಲ್ಪಟ್ಟಾಗ ಇಷ್ಮಾಯೇಲನೂ ಹುಟ್ಟಿರಲಿಲ್ಲ. ಇಷ್ಮಾಯೇಲ ಹುಟ್ಟಿದಾಗ ಅಬ್ರಹಾಮನಿಗೆ 86, ಇಸಾಕ ಹುಟ್ಟಿದಾಗ 100. ಯಾಕೋಬನು ತೋರಿಸುವುದು ಆದಿಕಾಂಡ 22ನ್ನು, ಅಬ್ರಹಾಮನು ಇಸಾಕನನ್ನು ಬಲಿಗೆ ಒಯ್ದದ್ದನ್ನು, ಇಸಾಕ ಕಟ್ಟಿಗೆ ಹೊರುವಷ್ಟು ದೊಡ್ಡವನಾದ ಮೇಲಿನದನ್ನು. ತೀರ್ಪು ಆಗಲೇ ಆಗಿತ್ತು. ಆ ನಂಬಿಕೆ ಜೀವಂತವೆಂದು ಕಾಣಿಸಿದ್ದು ಆಮೇಲೆ. ಸೊನ್ನೆ ಪಡೆದವರಲ್ಲೇ ಕೆಲವರು ಮುಂದೆ ಈ ವಿಷಯವನ್ನು ಎಲ್ಲರಿಗಿಂತ ಚೆನ್ನಾಗಿ ಕಲಿಸುವವರಾದರು. ನಮ್ಮ ತಂಡದವರನ್ನು ಇಂದಿಗೂ ಯಾವ ಸಭೆಯಲ್ಲಿ ಎಬ್ಬಿಸಿ ಕೇಳಿದರೂ ರೋಮಾ ಮತ್ತು ಯಾಕೋಬವನ್ನು ತಡವರಿಸದೆ ಬಿಡಿಸುತ್ತಾರೆ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಪುನರುತ್ಥಾನದ ಬಗ್ಗೆ ಅವರ ಪ್ರಶ್ನೆಗೆ ಪೌಲನೇ ಉತ್ತರಿಸಿಬಿಟ್ಟಿದ್ದಾನೆ. 1 ಕೊರಿಂಥ 15:17: ಕ್ರಿಸ್ತನು ಎದ್ದಿಲ್ಲವಾದರೆ ನಂಬಿಕೆ ವ್ಯರ್ಥ, ನೀವಿನ್ನೂ ಪಾಪದಲ್ಲೇ ಇದ್ದೀರಿ. ಅದೇ ಅಧ್ಯಾಯದಲ್ಲಿ ಕೇಫ (ಪೇತ್ರ), ಹನ್ನೆರಡು ಮಂದಿ, 500ಕ್ಕಿಂತ ಹೆಚ್ಚು ಸಹೋದರರು ಎಂದು ಕಂಡವರ ಪಟ್ಟಿಯಿದೆ. ಅವರಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆಂಬ ಮಾತೂ ಇದೆ.

ಹಲಗೆಯ ಬಲಬದಿಗೆ ಬೇರೊಂದು ಪಟ್ಟಿ ಇರುತ್ತಿತ್ತು: ದೀಕ್ಷಾಸ್ನಾನ ಶಿಶುಗಳಿಗೋ ನಂಬಿದವರಿಗಷ್ಟೋ, ಸಾವಿರ ವರ್ಷದ ಆಳ್ವಿಕೆ ಹೇಗೆ, ದೇವರ ಆಯ್ಕೆ ಹೇಗೆ, ಅನ್ಯಭಾಷೆಯ ವರ ಇಂದಿಗೂ ಇದೆಯೇ. ಇವು ಸಣ್ಣ ವಿಷಯಗಳೆಂದು ಅವರು ಹೇಳಲಿಲ್ಲ. ಸೌವಾರ್ತಿಕರೊಳಗೇ ಭೇದವಿರುವ ವಿಷಯಗಳು ಎಂದರು. ಆಯ್ಕೆಯ ಬೋಧನೆಯಲ್ಲಿ ಹದಿನೆಂಟನೆಯ ಶತಮಾನದ ಇಂಗ್ಲಿಷ್ ಸುವಾರ್ತಿಕರಾದ ಜಾನ್ ವೆಸ್ಲಿಯೂ ಜಾರ್ಜ್ ವಿಟ್‌ಫೀಲ್ಡರೂ ಬಹಿರಂಗವಾಗಿ ಬೇರೆಯಾದರು. 1770ರಲ್ಲಿ ವಿಟ್‌ಫೀಲ್ಡ್ ತೀರಿಕೊಂಡಾಗ ಸ್ಮರಣೆಯ ಪ್ರಸಂಗ ಮಾಡಿದವರು ವೆಸ್ಲಿಯೇ. ಅವರು ಎತ್ತಿ ಹಿಡಿದದ್ದು ಹೊಸ ಹುಟ್ಟು ಮತ್ತು ನಂಬಿಕೆಯಿಂದ ನೀತಿನಿರ್ಣಯ, ಇಬ್ಬರೂ ಒಪ್ಪಿದ ಎರಡು ಬೋಧನೆಗಳನ್ನು. ಜಗತ್ತಿನ ಸೌವಾರ್ತಿಕರು ಸೇರಿ ಹೊರತಂದ 1974ರ ಲೋಸಾನ್ ಒಡಂಬಡಿಕೆಯ 15 ಭಾಗಗಳಿಗೆ ಬೇರೆಬೇರೆ ಪಂಗಡದವರು ಸಹಿ ಹಾಕಲು ಸಾಧ್ಯವಾದದ್ದೂ ಎಡಬದಿಯ ಪಟ್ಟಿ ಗಟ್ಟಿಯಾಗಿದ್ದರಿಂದಲೇ ಎಂದು ಮೇಡಂ ಸೇರಿಸುತ್ತಿದ್ದರು.

ಈಗಿನ ಮಕ್ಕಳ ಟಿಪ್ಪಣಿಗಳನ್ನು ನೋಡಿದರೆ ಸಂಕಟವಾಗುತ್ತದೆ. ಒಂದೊಂದು ಬೋಧನೆಗೆ ಒಂದು ಸ್ಲೈಡ್, ಕೆಳಗೆ ವಚನಗಳ ಸಂಖ್ಯೆ, ಪರೀಕ್ಷೆಗೆ ಮಾದರಿ ಉತ್ತರ. ವ್ಯಾಖ್ಯಾನ ತಪ್ಪಿರುವುದಿಲ್ಲ. ಆ ವಚನವನ್ನು ತೆಗೆದು ಓದು ಎಂದರೆ ಮಾತ್ರ ತಡಕಾಡುತ್ತಾರೆ. ತಪ್ಪು ಮಕ್ಕಳದಲ್ಲ, ಅಳಿಸಿ ಕೇಳುವವರು ಕಡಿಮೆಯಾಗಿದ್ದಾರೆ.

ನಮ್ಮ ಕಾಲೇಜಿನ ಈಗಿನ ಅಧ್ಯಾಪಕರಲ್ಲಿ ಒಂದು ಬಿನ್ನಹವಿದೆ. ಸರ್ ನಡೆಸುತ್ತಿದ್ದ ಮೌಖಿಕ ಪರೀಕ್ಷೆಯನ್ನು ಮತ್ತೆ ತನ್ನಿ. ವಿದ್ಯಾರ್ಥಿಯ ಕೈಯಲ್ಲಿ ಸತ್ಯವೇದ ಮಾತ್ರ. ಒಂದು ಭಾಗ ಓದಿಸಿ ಮೂರು ಪ್ರಶ್ನೆ: ಇಲ್ಲಿ ದೇವರು ಏನು ಮಾಡುತ್ತಿದ್ದಾನೆ, ಯಾವ ಆಧಾರದ ಮೇಲೆ, ಅದನ್ನು ತೆಗೆದರೆ ಏನು ಬೀಳುತ್ತದೆ. ರೋಮಾ 3:21-26, ಯೋಹಾನ 3:1-15, 1 ಕೊರಿಂಥ 15:1-8 ಈ ಕ್ರಮದಲ್ಲಿ ಹೋಗಿ, ಫಿಲಿಪ್ಪಿ 2:5-11ನ್ನು ಕೊನೆಗಿಡಿ. ಕ್ರಿಸ್ತನು ತನ್ನನ್ನು ಬರಿದುಮಾಡಿಕೊಂಡನು ಎಂಬಲ್ಲಿ, ದೇವತ್ವವನ್ನು ಬಿಟ್ಟುಬಂದನು ಎಂದು ಹೆಚ್ಚಿನವರು ಅವಸರದಲ್ಲಿ ಉತ್ತರಿಸುತ್ತಾರೆ. ಅಲ್ಲಿ ತಡೆದು ಅದೇ ವಾಕ್ಯದ ಮುಂದಿನ ಭಾಗವನ್ನು ಓದಿಸಿ: ದಾಸನ ರೂಪವನ್ನು ಧರಿಸಿಕೊಂಡು. ಬಿಟ್ಟದ್ದರಿಂದಲ್ಲ, ಧರಿಸಿದ್ದರಿಂದ ಬರಿದಾದನು ಎಂದು ಅವರೇ ಕಂಡುಕೊಳ್ಳಲಿ. ಅದಕ್ಕೆ ಬೇಕಾದಷ್ಟು ಹೊತ್ತು ಕಾಯಿರಿ.